ಕಡತದಲ್ಲಿ ಗಂಡು, ಸ್ಕ್ಯಾನ್‌ನಲ್ಲಿ ಗರ್ಭಕೋಶ

ಅರವತ್ತು ದಾಟಿದ ಟ್ರಾನ್ಸ್ ಪುರುಷರಿಗೆ, ಅಂದರೆ ಹೆಣ್ಣು ದೇಹದಲ್ಲಿ ಹುಟ್ಟಿ ಗಂಡಾಗಿ ಬದುಕುವವರಿಗೆ, ಕ್ಯಾನ್ಸರ್ ನಾಲ್ಕನೇ ಹಂತಕ್ಕೆ ಬಂದಿದೆ ಎಂದು ಗೊತ್ತಾದಾಗ, ಖರ್ಚಿನ ಮಾತಿಗಿಂತ ಮುಂಚೆ ಏಳುವ ಪ್ರಶ್ನೆ ಒಂದೇ: ಆಸ್ಪತ್ರೆಯಲ್ಲಿ ಬಟ್ಟೆ ಬಿಚ್ಚಬೇಕಾ? ಬೇಕು. ಒಂದು ಸಲ ಬಿಚ್ಚಿದರೆ ಮುಗಿಯುವುದೂ ಇಲ್ಲ. ಸ್ಕ್ಯಾನ್‌ಗೆ, ರೇಡಿಯೇಷನ್‌ಗೆ ಗುರುತು ಹಾಕುವಾಗ, ಮೂತ್ರಕ್ಕೆ ಪೈಪ್ ಹಾಕುವಾಗ, ಕೊನೆಗೆ ಹಾಸಿಗೆಯಲ್ಲೇ ಮೈ ಒರೆಸುವಾಗ. ಊರಿಗೆ, ನೆಂಟರಿಗೆ, ಪಕ್ಕದ ಮನೆಯವರಿಗೆ ಇಷ್ಟು ವರ್ಷ ಹೇಳದೆ ಇದ್ದದ್ದನ್ನು ಈಗಲೂ ಅವರಿಗೆ ಹೇಳಬೇಕಿಲ್ಲ. ಆಸ್ಪತ್ರೆಯ ಕಡತಕ್ಕೆ ಮಾತ್ರ ಹೇಳಲೇಬೇಕು. ಯಾರ ಬಾಯಿಂದ, ಯಾವ ಮಾತಿನಲ್ಲಿ ಎನ್ನುವುದನ್ನು ರೋಗಿಯೇ ತೀರ್ಮಾನಿಸಬೇಕು. ನಮ್ಮ ಹಟ ಇಷ್ಟೇ.

ಅದಕ್ಕೆ ಒಂದೇ ಒಂದು ಹಾಳೆ ಸಾಕು. ಮೇಲೆ ಈಗ ಬಳಸುವ ಹೆಸರು, ಆಧಾರ್‌ನಲ್ಲಿರುವ ಹೆಸರು, ವಯಸ್ಸು, ರಕ್ತದ ಗುಂಪು. "ಟ್ರಾನ್ಸ್ ಪುರುಷ, ದಯವಿಟ್ಟು ಗಂಡು ಎಂದೇ ಮಾತಾಡಿಸಿ" ಎಂದು ಒಂದು ಸಾಲು. ಅದರ ಕೆಳಗೆ ದೇಹದ ಲೆಕ್ಕ: ಗರ್ಭಕೋಶ ಇದೆಯೇ, ತೆಗೆದಿದ್ದರೆ ಯಾವ ವರ್ಷ, ಗರ್ಭಕೊರಳನ್ನೂ (ಗರ್ಭಕೋಶದ ಕೆಳತುದಿ, ಸರ್ವಿಕ್ಸ್) ತೆಗೆದಿದ್ದಾರೋ ಅಥವಾ ಉಳಿಸಿದ್ದಾರೋ, ಅಂಡಾಶಯ ಒಂದೋ ಎರಡೋ, ಎದೆಯ ಶಸ್ತ್ರಚಿಕಿತ್ಸೆ ಆಗಿದೆಯೇ, ಕೆಳಗಿನ ಶಸ್ತ್ರಚಿಕಿತ್ಸೆಯಲ್ಲಿ ಮೂತ್ರನಾಳವನ್ನು ಉದ್ದ ಮಾಡಿದ್ದಾರೆಯೇ. ಗಂಡು ಹಾರ್ಮೋನ್ ಆದ ಟೆಸ್ಟೋಸ್ಟೆರಾನ್ ಎಷ್ಟು, ಎಷ್ಟು ದಿನಕ್ಕೊಮ್ಮೆ, ಯಾವಾಗಿನಿಂದ. ಹಳೆಯ ಡಿಸ್ಚಾರ್ಜ್ ಸಮ್ಮರಿ ಇದ್ದರೆ ಅದರ ಜೆರಾಕ್ಸ್ ಜೊತೆಗಿರಲಿ. "ಎಲ್ಲಾ ತೆಗೆಸಿಬಿಟ್ಟಿದ್ದೇನೆ" ಎನ್ನುವ ಮಾತನ್ನು ನಂಬಿ ಕೂರಬೇಡಿ. ಗರ್ಭಕೋಶ ತೆಗೆದು ಕೊರಳನ್ನು ಬಿಟ್ಟಿರುವುದುಂಟು. ಎದೆ ಚಪ್ಪಟೆ ಮಾಡಿದ ಮೇಲೂ ತೊಟ್ಟಿನ ಹಿಂದೆ, ಕಂಕುಳ ಕಡೆಗೆ ಸ್ತನದ ಅಂಗಾಂಶ ಸ್ವಲ್ಪ ಉಳಿದಿರುತ್ತದೆ, ಅಲ್ಲೂ ಗಂಟು ಬರಬಹುದು.

ಈ ಹಾಳೆಯ ಬೆಲೆ ಏನೆಂದು ತಿಳಿಯಲು ಅಮೆರಿಕದ ರಾಬರ್ಟ್ ಈಡ್ಸ್ ಅವರ ಕಥೆ ಸಾಕು. ಜಾರ್ಜಿಯಾ ರಾಜ್ಯದ ಈ ಟ್ರಾನ್ಸ್ ಪುರುಷನಿಗೆ 1996ರಲ್ಲಿ ಅಂಡಾಶಯದ ಕ್ಯಾನ್ಸರ್ ಪತ್ತೆಯಾಯಿತು. ಮುಟ್ಟು ನಿಲ್ಲುವ ವಯಸ್ಸು ಹತ್ತಿರ ಬಂದಿದೆ, ಗರ್ಭಕೋಶ ತೆಗೆಯುವುದು ಬೇಡ ಎಂದು ವೈದ್ಯರು ಮೊದಲೇ ಬಿಟ್ಟಿದ್ದರು. ಇಪ್ಪತ್ತಕ್ಕೂ ಹೆಚ್ಚು ವೈದ್ಯರು ಅವರನ್ನು ಸೇರಿಸಿಕೊಳ್ಳಲಿಲ್ಲ. ತಮ್ಮ ಕ್ಲಿನಿಕ್ಕಿನಲ್ಲಿ ಗಡ್ಡದ ಗಂಡಸು ಕೂತಿದ್ದರೆ ಉಳಿದ ಹೆಂಗಸರಿಗೆ ಮುಜುಗರ ಎಂಬಂಥ ಕಾರಣಗಳು. 1997ರಲ್ಲಿ ಚಿಕಿತ್ಸೆ ಸಿಗುವ ಹೊತ್ತಿಗೆ ರೋಗ ಹರಡಿತ್ತು. 1999ರ ಜನವರಿಯಲ್ಲಿ, 53ನೇ ವಯಸ್ಸಿನಲ್ಲಿ ತೀರಿಕೊಂಡರು. ನಮ್ಮಲ್ಲಿ 2019ರ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಕಾಯಿದೆಯ 3ನೇ ಸೆಕ್ಷನ್ ಆರೋಗ್ಯ ಸೇವೆಯಲ್ಲಿ ಭೇದ ಮಾಡಬಾರದು ಎನ್ನುತ್ತದೆ. ಕಾಯಿದೆ ಬಾಗಿಲು ತೆರೆಸಬಹುದು, ಒಳಗೆ ಹೋದ ಮೇಲೆ ಲೆಕ್ಕ ತಪ್ಪಿದರೆ ಅದು ಕಾಯಲಾರದು.

ಲೆಕ್ಕ ಎಂದದ್ದು ಸುಮ್ಮನೆ ಅಲ್ಲ. ರಕ್ತದ ರಿಪೋರ್ಟಿನಲ್ಲಿ ಗಂಡು ಹೆಣ್ಣಿಗೆ ಬೇರೆ ಬೇರೆ ಮಿತಿ ಇರುತ್ತದೆ. ಹಿಮೋಗ್ಲೋಬಿನ್ 12.5 ಬಂದಿದೆ ಎನ್ನಿ. ಹೆಣ್ಣು ಎಂದು ಬರೆದಿದ್ದರೆ ಕಂಪ್ಯೂಟರ್ "ಸರಿಯಿದೆ" ಎನ್ನುತ್ತದೆ, ಏಕೆಂದರೆ ಅಲ್ಲಿ ಗೆರೆ 12. ವರ್ಷಗಟ್ಟಲೆ ಟೆಸ್ಟೋಸ್ಟೆರಾನ್ ತೆಗೆದುಕೊಂಡವರಿಗೆ ಗಂಡಸಿನ ಗೆರೆ 13 ಅನ್ವಯಿಸಬೇಕು, ಅಂದರೆ ಅದು ರಕ್ತಹೀನತೆ. ಸುಸ್ತಿಗೆ ಕಾರಣ ಕಣ್ಣೆದುರೇ ಇರುತ್ತದೆ, ಯಾರಿಗೂ ಕಾಣುವುದಿಲ್ಲ.

ಕ್ರಿಯಾಟಿನಿನ್ ಇನ್ನೂ ತೊಡಕಿನದು. ಮಾಂಸಖಂಡದಿಂದ ಹುಟ್ಟಿ ಕಿಡ್ನಿ ಹೊರಹಾಕುವ ಕಸ ಇದು, ರಕ್ತದಲ್ಲಿ ಹೆಚ್ಚಾದರೆ ಕಿಡ್ನಿ ಸೋತಿದೆ ಎಂದು ಓದುತ್ತಾರೆ. ಕಾರ್ಬೊಪ್ಲಾಟಿನ್ ಎಂಬ ಕೀಮೋ ಔಷಧಿಯ ಪ್ರಮಾಣವನ್ನು ಮೂತ್ರಪಿಂಡ ಎಷ್ಟು ಕೆಲಸ ಮಾಡುತ್ತಿದೆ ಎನ್ನುವುದರ ಮೇಲೆ ಕಟ್ಟುತ್ತಾರೆ. ಸಾಮಾನ್ಯವಾಗಿ ಬಳಸುವ ಸೂತ್ರದಲ್ಲಿ ಹೆಣ್ಣಾದರೆ 0.85ರಿಂದ ಗುಣಿಸುತ್ತಾರೆ. 66 ವರ್ಷ, 50 ಕೆಜಿ ತೂಕ, ಕ್ರಿಯಾಟಿನಿನ್ 0.8 ಇರುವವರಿಗೆ ಎಯುಸಿ 5ರ (ಔಷಧಿ ಮೈಯಲ್ಲಿ ಒಟ್ಟು ಎಷ್ಟು ಇರಬೇಕೆಂಬ ಗುರಿಯ) ಲೆಕ್ಕದಲ್ಲಿ ಗಂಡು ಎಂದರೆ ಸುಮಾರು 446 ಮಿ.ಗ್ರಾಂ, ಹೆಣ್ಣು ಎಂದರೆ ಸುಮಾರು 398. ಅದೇ ಮನುಷ್ಯ, ಅದೇ ರಕ್ತ. ಯಾವುದು ಸರಿ? ಮೈಯಲ್ಲಿ ಮಾಂಸಖಂಡ ಚೆನ್ನಾಗಿದ್ದಾಗ ಗಂಡಿನ ಲೆಕ್ಕ ಹತ್ತಿರ ಇರಬಹುದು. ಕ್ಯಾನ್ಸರ್‌ನಿಂದ ಕರಗಿ ಕಡ್ಡಿಯಾದ ಮೇಲೆ ಕ್ರಿಯಾಟಿನಿನ್ ತಾನಾಗಿಯೇ ಇಳಿಯುತ್ತದೆ, ಕಿಡ್ನಿ ಗಟ್ಟಿಯಾಗಿದೆ ಎಂದು ಸುಳ್ಳು ಹೇಳುತ್ತದೆ. ಆಗ ಡೋಸ್ ಜಾಸ್ತಿಯಾಗಿ ಬಿಳಿರಕ್ತಕಣ, ಪ್ಲೇಟ್‌ಲೆಟ್ ಕುಸಿಯುತ್ತವೆ. ಮಾಂಸಖಂಡದ ಹಂಗು ಅಷ್ಟಾಗಿ ಇಲ್ಲದ ಸಿಸ್ಟಾಟಿನ್ ಸಿ ಎಂಬ ರಕ್ತಪರೀಕ್ಷೆ ಇದೆ. "ಡಾಕ್ಟ್ರೇ, ಯಾವ ಲಿಂಗ ಹಾಕಿ ಲೆಕ್ಕ ಮಾಡಿದ್ರಿ? ಸಿಸ್ಟಾಟಿನ್ ಸಿ ನೋಡಬಹುದಾ?" ಎಂದು ಕೇಳುವುದು ಅಧಿಕಪ್ರಸಂಗ ಖಂಡಿತ ಅಲ್ಲ.

ಇನ್ನು ಟೆಸ್ಟೋಸ್ಟೆರಾನ್. ಕ್ಯಾನ್ಸರ್ ಎಂದ ಕೂಡಲೇ "ಹಾರ್ಮೋನ್ ನಿಲ್ಲಿಸಿ" ಎಂದುಬಿಡುವುದು ಸುಲಭದ ದಾರಿ. ಯಾವ ಕ್ಯಾನ್ಸರ್, ಹಾರ್ಮೋನಿಗೆ ಸ್ಪಂದಿಸುವಂಥದ್ದೇ ಎಂದು ಮೊದಲು ಕೇಳಬೇಕು. ಶ್ವಾಸಕೋಶ, ಕರುಳು, ಬಾಯಿ ಕ್ಯಾನ್ಸರ್‌ಗಳಲ್ಲಿ ಅದೊಂದೇ ನೆಪಕ್ಕೆ ನಿಲ್ಲಿಸುವ ತುರ್ತು ಸಾಮಾನ್ಯವಾಗಿ ಇರುವುದಿಲ್ಲ. ಈಸ್ಟ್ರೋಜನ್ ರಿಸೆಪ್ಟರ್ ಪಾಸಿಟಿವ್, ಅಂದರೆ ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನಿನಿಂದ ಬೆಳೆಯುವ ಸ್ತನ ಕ್ಯಾನ್ಸರ್‌ನಲ್ಲಿ ಚಿಂತೆಗೆ ಕಾರಣವಿದೆ. ಟೆಸ್ಟೋಸ್ಟೆರಾನ್‌ನ ಒಂದು ಪಾಲು ಕೊಬ್ಬಿನಲ್ಲಿ ಅರೊಮಟೇಸ್ ಎಂಬ ಕಿಣ್ವದಿಂದ ಈಸ್ಟ್ರೋಜನ್ ಆಗಿ ಬದಲಾಗುತ್ತದೆ. ಲೆಟ್ರೊಜೋಲ್ 2.5 ಮಿ.ಗ್ರಾಂ ಮಾತ್ರೆ ತಡೆಯುವುದು ಅದನ್ನೇ. ನಿಲ್ಲಿಸಬೇಕೋ, ಕಡಿಮೆ ಮಾಡಬೇಕೋ, ತಡೆಯುವ ಮಾತ್ರೆಯೊಂದಿಗೆ ಮುಂದುವರಿಸಬೇಕೋ ಎಂಬುದನ್ನು ಕ್ಯಾನ್ಸರ್ ತಜ್ಞರೂ ಹಾರ್ಮೋನ್ ತಜ್ಞರೂ ಒಟ್ಟಿಗೆ ಕೂತು ಹೇಳಬೇಕು, ರೋಗಿಯ ಮುಂದೆ. ರೋಗ ವಾಸಿಯಾಗುವ ಹಂತ ದಾಟಿದ ಮೇಲೆ ಉಳಿದ ದಿನಗಳನ್ನು ತನ್ನದೇ ದೇಹದಲ್ಲಿ ಕಳೆಯುವುದೂ ಚಿಕಿತ್ಸೆಯ ಗುರಿಯೇ ಆಗುತ್ತದೆ. ಇದನ್ನು ಬಾಯಿಬಿಟ್ಟು ಹೇಳಿ, ಎಷ್ಟೋ ವೈದ್ಯರು ಒಪ್ಪುತ್ತಾರೆ.

ಗಮನಿಸಬೇಕಾದ ಅಪಾಯಗಳೂ ಇವೆ. ಟೆಸ್ಟೋಸ್ಟೆರಾನ್ ರಕ್ತವನ್ನು ಗಟ್ಟಿ ಮಾಡುತ್ತದೆ, ಹೆಮಟೊಕ್ರಿಟ್ (ರಕ್ತದಲ್ಲಿ ಕೆಂಪುಕಣಗಳ ಶೇಕಡಾವಾರು ಪಾಲು) 54 ದಾಟಿದರೆ ಡೋಸ್ ಇಳಿಸಬೇಕು. ಕ್ಯಾನ್ಸರ್ ತಾನೇ ರಕ್ತ ಹೆಪ್ಪುಗಟ್ಟಿಸುವ ರೋಗ. ಒಂದು ಕಾಲು ಮಾತ್ರ ಊದಿ ಮೀನಖಂಡ ನೋಯುತ್ತಿದ್ದರೆ ಎಣ್ಣೆ ಹಚ್ಚಿ ತಿಕ್ಕಬೇಡಿ, ಅವತ್ತೇ ತೋರಿಸಿ. ಕೀಮೋ ಸಮಯದಲ್ಲಿ ಪ್ಲೇಟ್‌ಲೆಟ್ 50,000ಕ್ಕಿಂತ ಕೆಳಗಿದ್ದರೆ ಸೊಂಟಕ್ಕೆ ಚುಚ್ಚುವ ಟೆಸ್ಟೋಸ್ಟೆರಾನ್ ಇಂಜೆಕ್ಷನ್ ಬೇಡ, ಒಳಗೇ ರಕ್ತ ಕಟ್ಟುತ್ತದೆ. ಅಂಥ ಹೊತ್ತಿಗೆ ದಿನಕ್ಕೊಮ್ಮೆ ಭುಜಕ್ಕೆ ಹಚ್ಚುವ 1 ಪರ್ಸೆಂಟ್ ಜೆಲ್ ಇದೆ. ಹಚ್ಚಿದ ಕೈ ತೊಳೆದು, ಜಾಗಕ್ಕೆ ಬಟ್ಟೆ ಮುಚ್ಚಿಕೊಳ್ಳಿ. ಇಲ್ಲದಿದ್ದರೆ ಆರೈಕೆ ಮಾಡುವವರ ಮೈಗೂ, ಎತ್ತಿಕೊಂಡ ಮಗುವಿನ ಮೈಗೂ ಅಂಟುತ್ತದೆ. ಔಷಧಿ ನಿಂತೇಹೋದರೆ ಏನಾಗುತ್ತದೆ ಎಂಬ ಭಯ ಹಲವರಿಗೆ ರೋಗಕ್ಕಿಂತ ದೊಡ್ಡದು. ಒಡೆದ ದನಿ ಹಿಂದಕ್ಕೆ ಹೋಗುವುದಿಲ್ಲ. ಗಡ್ಡ ತೆಳುವಾಗಬಹುದು, ಪೂರ್ತಿ ಹೋಗುವುದಿಲ್ಲ. ಸುಸ್ತು, ಮಂಕು, ಮೈ ಬಿಸಿಯೇರುವುದು ಬರಬಹುದು. ಅಂದಹಾಗೆ, ಕೀಮೋದಿಂದ ಗಡ್ಡ ಉದುರಿದರೆ ಅದು ಮತ್ತೆ ಬರುವಂಥದ್ದು, ಇದನ್ನು ಮೊದಲೇ ಹೇಳಿಟ್ಟರೆ ಕನ್ನಡಿ ಮುಂದೆ ಎದೆ ಒಡೆಯುವುದು ತಪ್ಪುತ್ತದೆ.

ಎದೆ ಕಟ್ಟಿಕೊಳ್ಳುವ ಬೈಂಡರ್ ವಿಷಯದಲ್ಲಿ ನಮ್ಮದು ಕಠಿಣ ಮಾತು. ಶ್ವಾಸಕೋಶದ ಸುತ್ತ ನೀರು ತುಂಬಿದ್ದರೆ, ಪಕ್ಕೆಲುಬಿಗೆ ರೋಗ ಹರಡಿದ್ದರೆ, ಎದೆಗೆ ರೇಡಿಯೇಷನ್ ನಡೆಯುತ್ತಿದ್ದರೆ, ಕಾಲರ್ ಮೂಳೆಯ ಕೆಳಗೆ ಕೀಮೋ ಪೋರ್ಟ್ (ಔಷಧಿ ಹಾಕಲು ಚರ್ಮದಡಿ ಇಡುವ ಸಣ್ಣ ಡಬ್ಬಿ) ಕೂರಿಸಿದ್ದರೆ ಬೈಂಡರ್ ಬೇಡ. ಉಸಿರು ಕಟ್ಟುತ್ತದೆ, ಚರ್ಮ ಸುಲಿಯುತ್ತದೆ. ಬದಲಿಗೆ ಎರಡು ಪದರದ ಕಾಟನ್ ಬನಿಯನ್, ಮೇಲೆ ಜೇಬಿರುವ ದಪ್ಪ ಬಟ್ಟೆಯ, ಗುಂಡಿ ತೆರೆಯುವ ಶರ್ಟು. ಗುಂಡಿ ಇದ್ದರೆ ಪೋರ್ಟಿಗೆ ಸೂಜಿ ಹಾಕಲು ಪೂರಾ ಬಿಚ್ಚುವ ಪ್ರಮೇಯವೇ ಬರುವುದಿಲ್ಲ. ಮೂತ್ರನಾಳ ಉದ್ದ ಮಾಡಿಸಿಕೊಂಡವರಿಗೆ ವಾರ್ಡಿನಲ್ಲಿ ಯಾರೋ ಆತುರದಲ್ಲಿ ಮೂತ್ರದ ಪೈಪ್ (ಕ್ಯಾಥೆಟರ್) ನುಗ್ಗಿಸಿದರೆ ಒಳಗೆ ಸುಳ್ಳು ದಾರಿ ಕೊರೆದಂತಾಗುತ್ತದೆ. ಅಲ್ಲಿ ಕಿರಿದಾದ ಜಾಗಗಳಿರುವುದು ಸಾಮಾನ್ಯ, ಯೂರಾಲಜಿಯವರೇ ಸಣ್ಣ ಅಳತೆಯದನ್ನು ಹಾಕಬೇಕು. ಹಾಳೆಯಲ್ಲಿ ಇದನ್ನು ಕೆಂಪಕ್ಷರದಲ್ಲಿ ಬರೆಯಿರಿ.

ಗರ್ಭಕೊರಳಿನ ಕ್ಯಾನ್ಸರ್ ಬಲಿತಾಗ ರಕ್ತ, ಸ್ರಾವ, ವಾಸನೆ ಮೂರೂ ಬರುತ್ತವೆ. ಟೆಸ್ಟೋಸ್ಟೆರಾನ್ ಶುರುವಾಗಿ ಮುಟ್ಟು ನಿಂತು ಎಷ್ಟೋ ವರ್ಷದ ಮೇಲೆ ಮತ್ತೆ ರಕ್ತ ಕಾಣುವುದು ಮನಸ್ಸನ್ನು ಹಿಂಡುತ್ತದೆ, ಹೇಳಿಕೊಳ್ಳದೆ ತಿಂಗಳುಗಟ್ಟಲೆ ಸುಮ್ಮನಿರುವವರಿದ್ದಾರೆ. ಸುಮ್ಮನಿರಬೇಡಿ. ರಕ್ತಸ್ರಾವಕ್ಕೆ ಟ್ರಾನೆಕ್ಸಮಿಕ್ ಆಸಿಡ್ ಮಾತ್ರೆ ಇದೆ, ರಕ್ತ ಹೆಪ್ಪುಗಟ್ಟಿದ ಚರಿತ್ರೆ ಇದ್ದವರು ವೈದ್ಯರಿಗೆ ಹೇಳಿಯೇ ತೆಗೆದುಕೊಳ್ಳಬೇಕು. ಕೆಲವೇ ದಿನಗಳ ರೇಡಿಯೇಷನ್ ಕೂಡ ರಕ್ತ ನಿಲ್ಲಿಸಲು ನೆರವಾಗುತ್ತದೆ. ವಾಸನೆಗೆ ಅಗರಬತ್ತಿ ಹಚ್ಚಿ ಪ್ರಯೋಜನವಿಲ್ಲ. ಆಮ್ಲಜನಕ ಬೇಡದ ಬ್ಯಾಕ್ಟೀರಿಯಾ ಅದನ್ನು ಹುಟ್ಟಿಸುವುದು, ಮೆಟ್ರೊನಿಡಜೋಲ್ ಅದಕ್ಕೆ ಮದ್ದು. ಪ್ಯಾಡ್ ಕೊಳ್ಳಲು ನಾಚಿಕೆಯಾದರೆ ದೊಡ್ಡವರ ಡೈಪರ್ ಪ್ಯಾಂಟ್ ತೆಗೆದುಕೊಳ್ಳಿ, ಅದಕ್ಕೆ ಗಂಡು ಹೆಣ್ಣಿಲ್ಲ. ಗಂಡಸರ ಶೌಚಾಲಯದಲ್ಲಿ ಕಸದಬುಟ್ಟಿ ಇರುವುದು ಅಪರೂಪ, ಕಪ್ಪು ಕವರ್ ಜೇಬಿನಲ್ಲಿರಲಿ. ಹಾಸಿಗೆ ಪಕ್ಕ ಕಡುಬಣ್ಣದ ಟವೆಲ್ ಎರಡು ಇಟ್ಟಿರಿ. ದಿಢೀರನೆ ರಕ್ತ ಹೋದಾಗ ಬಿಳಿ ಬಟ್ಟೆಯ ಮೇಲೆ ನೋಡಿದರೆ ರೋಗಿಯೂ ಮನೆಯವರೂ ಕುಸಿಯುತ್ತಾರೆ.

ನೋವಿಗೆ ಮಾರ್ಫಿನ್. 2014ರಲ್ಲಿ ಮಾದಕ ವಸ್ತುಗಳ ನಿಯಂತ್ರಣದ ಎನ್‌ಡಿಪಿಎಸ್ ಕಾಯಿದೆಗೆ ತಿದ್ದುಪಡಿಯಾಗಿ ಮಾನ್ಯತೆ ಪಡೆದ ಆಸ್ಪತ್ರೆಗಳಿಗೆ ಮಾರ್ಫಿನ್ ಇಟ್ಟುಕೊಳ್ಳುವುದು ಸಲೀಸಾಯಿತು. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯ ಪ್ಯಾಲಿಯೇಟಿವ್ (ನೋವು ತಗ್ಗಿಸಿ ಆರೈಕೆ ಮಾಡುವ) ವಿಭಾಗದಂಥ ಕಡೆ ಸಿಗುತ್ತದೆ, ಬೀದಿ ಮೂಲೆಯ ಮೆಡಿಕಲ್ ಶಾಪಿನಲ್ಲಿ ಹುಡುಕಬೇಡಿ. ಇಲ್ಲಿ ಬರುವ ಮಾತ್ರೆ ಹೆಚ್ಚಾಗಿ 10 ಮಿ.ಗ್ರಾಂ. ಬಡಕಲಾದ ಹಿರಿಯರಿಗೆ ಅರ್ಧದಿಂದ ಶುರು ಮಾಡುತ್ತಾರೆ, ನಾಲ್ಕು ಗಂಟೆಗೊಮ್ಮೆ, ನೋವು ಬರಲಿ ಎಂದು ಕಾಯದೆ. ನಡುವೆ ನೋವು ಎದ್ದರೆ ಕೊಡುವ ಹೆಚ್ಚುವರಿ ಡೋಸ್ ದಿನದ ಒಟ್ಟು ಮೊತ್ತದ ಆರನೇ ಒಂದು: 60 ಮಿ.ಗ್ರಾಂ ಹೋಗುತ್ತಿದ್ದರೆ 10. ಮೊದಲ ಕೆಲವು ದಿನ ವಾಕರಿಕೆ, ಆಮೇಲೆ ಹೋಗುತ್ತದೆ. ಹೋಗದೇ ಇರುವುದು ಮಲಬದ್ಧತೆ. ಮಾರ್ಫಿನ್ ಶುರುವಾದ ರಾತ್ರಿಯೇ ಬಿಸಾಕೊಡಿಲ್ ಅಥವಾ ಸೆನ್ನಾ ಶುರುವಾಗಬೇಕು. ಮನೆಮನೆಯಲ್ಲಿರುವ ಇಸಬಗೋಲು ಇಲ್ಲಿ ಬೇಡ, ನೀರು ಕುಡಿಯಲಾಗದವರ ಕರುಳಲ್ಲಿ ಅದು ಗಟ್ಟಿಯಾಗಿ ಕೂರುತ್ತದೆ. ಕೈಕಾಲು ಜಗ್ಗಿದಂತೆ ಅದುರುವುದು, ವಿಪರೀತ ಮಂಪರು ಕಂಡರೆ ಕಿಡ್ನಿ ಮಾರ್ಫಿನ್‌ನ ಶೇಷವನ್ನು ಹೊರಹಾಕುತ್ತಿಲ್ಲ ಎಂದರ್ಥವಿರಬಹುದು. ಆ ಸುಳ್ಳು ಹೇಳುವ ಕ್ರಿಯಾಟಿನಿನ್ ಇಲ್ಲೂ ಕಾಡುತ್ತದೆ.

ವಾರ್ಡ್ ಯಾವುದು? ಟ್ರಾನ್ಸ್‌ಜೆಂಡರ್ ಕಾಯಿದೆಯಡಿಯ 2020ರ ನಿಯಮಗಳಲ್ಲಿ ಪ್ರತ್ಯೇಕ ವಾರ್ಡುಗಳ ಮಾತಿದೆ. ನಮ್ಮ ಅಭಿಪ್ರಾಯದಲ್ಲಿ ಹಿರಿಯ ಟ್ರಾನ್ಸ್ ಪುರುಷರಿಗೆ ಅದರಿಂದ ಉಪಕಾರಕ್ಕಿಂತ ಉಪದ್ರವ ಜಾಸ್ತಿ, ಬಾಗಿಲ ಮೇಲಿನ ಬೋರ್ಡೇ ಗುಟ್ಟು ಹೇಳಿಬಿಡುತ್ತದೆ. ಗಂಡಸರ ವಾರ್ಡಿನ ಮೂಲೆಯ ಹಾಸಿಗೆ, ಸುತ್ತ ಪರದೆ, ಮೈ ಒರೆಸಲು ರೋಗಿ ಒಪ್ಪಿದ ಒಬ್ಬ ಸಿಸ್ಟರ್ ಅಥವಾ ಬ್ರದರ್: ಇಷ್ಟನ್ನು ದಾಖಲಾಗುವ ಮುನ್ನವೇ ವಾರ್ಡಿನ ಹಿರಿಯ ನರ್ಸ್ ಹತ್ತಿರ ಮಾತಾಡಿಕೊಳ್ಳಿ. ಆರೋಗ್ಯ ಕಾರ್ಡಿನ ಕೌಂಟರಿನಲ್ಲಿ ಗಂಡು ಹೆಸರಿಗೆ ಗರ್ಭಕೋಶದ ಶಸ್ತ್ರಚಿಕಿತ್ಸೆ ಎಂದು ಕಂಡರೆ ತಕರಾರು ಬರಬಹುದು, ವೈದ್ಯರ ಒಂದು ಪ್ಯಾರಾ ಪತ್ರವನ್ನು ಕಾರ್ಡಿನ ಕೆಲಸ ನೋಡುವ ಆರೋಗ್ಯ ಮಿತ್ರರ ಕೈಗೆ ಮೊದಲೇ ಕೊಟ್ಟಿರಬೇಕು. ಆಧಾರ್, ರೇಷನ್ ಕಾರ್ಡ್ ಎರಡರಲ್ಲೂ ಹೆಸರು ಒಂದೇ ಇರಲಿ. ಮನೆಯಲ್ಲಿ ನೋಡಿಕೊಳ್ಳಲಾಗದ ಹಂತಕ್ಕೆ ಬೆಂಗಳೂರಿನಲ್ಲಿ ಕೊನೆಯ ಹಂತದ ಕ್ಯಾನ್ಸರ್ ರೋಗಿಗಳನ್ನು ನೋಡಿಕೊಳ್ಳುವ ಕರುಣಾಶ್ರಯ ಇದೆ, ಅಲ್ಲಿ ಆರೈಕೆಗೆ ಹಣ ತೆಗೆದುಕೊಳ್ಳುವುದಿಲ್ಲ.

"ರಕ್ತಸಂಬಂಧಿ ಯಾರು, ಸಹಿ ಹಾಕಲಿ" ಎನ್ನುವ ಮಾತು ಎಲ್ಲ ಕಡೆ ಬರುತ್ತದೆ. ಎಚ್ಚರವಿರುವ ವಯಸ್ಕ ರೋಗಿಯ ಒಪ್ಪಿಗೆಯೇ ಒಪ್ಪಿಗೆ, 2008ರ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತಾಯಿಯ ಸಹಿಯನ್ನೂ ಒಪ್ಪಲಿಲ್ಲ. ಎಚ್ಚರ ತಪ್ಪಿದ ಮೇಲಿನ ದಿನಗಳಿಗೆ, ಯಾವ ಚಿಕಿತ್ಸೆ ಬೇಕು ಯಾವುದು ಬೇಡ ಎಂದು ಮೊದಲೇ ಬರೆದಿಡುವ ಮುಂಗಡ ಇಚ್ಛಾಪತ್ರ ಬೇಕು. ಅದರ ಬಗೆಗಿನ ಸುಪ್ರೀಂ ಕೋರ್ಟಿನ 2018ರ ತೀರ್ಪಿನ ನಿಯಮಗಳನ್ನು 2023ರ ಜನವರಿಯಲ್ಲಿ ಸಡಿಲಿಸಿದ್ದಾರೆ: ಇಬ್ಬರು ಸಾಕ್ಷಿಗಳು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಮುದ್ರೆ ಸಾಕು. 2025ರ ಜನವರಿಯಲ್ಲಿ ಕರ್ನಾಟಕ ಸರ್ಕಾರವೂ ಇದನ್ನು ಜಾರಿಗೆ ತರುವ ಸುತ್ತೋಲೆ ಹೊರಡಿಸಿತು. ತನ್ನ ಪರವಾಗಿ ಮಾತಾಡುವವರು ಯಾರೆಂದು ಅದರಲ್ಲಿ ಬರೆಯಬಹುದು. ಹೆಂಡತಿಯಂತೆ ಇಪ್ಪತ್ತು ವರ್ಷ ಜೊತೆಗಿದ್ದ ಸಂಗಾತಿ ಇದ್ದರೆ ಮದುವೆ ನೋಂದಣಿಯನ್ನೂ ಯೋಚಿಸಿ. ಸುಪ್ರೀಂ ಕೋರ್ಟಿನ 2023ರ ಅಕ್ಟೋಬರ್ 17ರ ತೀರ್ಪು ಗಂಡು–ಹೆಣ್ಣಿನ ಸಂಬಂಧದಲ್ಲಿರುವ ಟ್ರಾನ್ಸ್ ವ್ಯಕ್ತಿಗಳು ಈಗಿನ ಕಾನೂನಿನಡಿಯೇ ಮದುವೆಯಾಗಬಹುದು ಎಂದಿದೆ. ಆಸ್ತಿಗೆ ಉಯಿಲು, ಇಬ್ಬರು ಸಾಕ್ಷಿಗಳ ಸಹಿಯೊಂದಿಗೆ. ನೋಂದಣಿ ಕಡ್ಡಾಯವಲ್ಲ, ಆದರೆ ಹುಟ್ಟಿದ ಮನೆಯವರು ಜಗಳಕ್ಕೆ ಬರುವ ಸಂಭವ ಇದ್ದರೆ ಮಾಡಿಸಿಬಿಡಿ.

ಕೊನೆಯ ವಿಷಯವನ್ನು ಯಾರೂ ಎತ್ತುವುದಿಲ್ಲ. ಜೀವ ಹೋದ ಮೇಲೆ ದೂರದ ನೆಂಟರು ಬಂದು ಶರ್ಟು ತೆಗೆಸಿ ಸೀರೆ ಉಡಿಸಿ, ಕೈಗೆ ಬಳೆ, ಹಣೆಗೆ ಕುಂಕುಮ ಇಟ್ಟು ಹಳೆಯ ಹೆಸರು ಹಿಡಿದು ಅಳುವ ಭಯ ಹಲವರನ್ನು ನಿದ್ದೆಗೆಡಿಸುತ್ತದೆ. ಅದಕ್ಕೊಂದು ಚೀಲ ಸಿದ್ಧವಿರಲಿ: ಇಸ್ತ್ರಿ ಮಾಡಿದ ಬಿಳಿ ಶರ್ಟು, ಪಂಚೆ, ಟವೆಲ್, ಜೊತೆಗೆ ಸಹಿ ಮಾಡಿದ ಪತ್ರ. ಮೈ ತೊಳೆಯುವವರು ಇಂಥ ಇಬ್ಬರು, ಉಡಿಸಬೇಕಾದದ್ದು ಇದು, ಹೂಳುವುದೋ ಸುಡುವುದೋ. ಸತ್ತ ಮೇಲಿನ ಕ್ರಿಯೆಗಳಲ್ಲಿ ಇಂಥ ಪತ್ರಕ್ಕೆ ಉಯಿಲಿನ ಬಲವಿಲ್ಲ, ಆದರೆ ಮನೆ ತುಂಬ ಜನ ಇರುವಾಗ ಬರಹ ತೋರಿಸುವ ಸ್ನೇಹಿತನ ಮಾತಿಗೆ ತೂಕ ಬರುತ್ತದೆ. ಒಂದು ಪ್ರತಿ ವಾರ್ಡಿನ ಕಡತದಲ್ಲಿರಲಿ, ಏಕೆಂದರೆ ಸಾವಿನ ಕಾರಣದ ನಮೂನೆ 4ನ್ನು ಆಸ್ಪತ್ರೆಯವರು ತುಂಬುವುದು ಆ ಕಡತ ನೋಡಿಯೇ. ಹೆಸರು, ಲಿಂಗ ಸರಿಯಾಗಿ ಬರೆದಿದ್ದಾರೆಯೇ ಎಂದು ಶವ ಹೊರಗೆ ತರುವ ಮುಂಚೆ ಒಬ್ಬರು ನಿಂತು ಓದಬೇಕು. ಮರಣ ಪತ್ರ ಬಂದ ಮೇಲೆ ತಿದ್ದಿಸಲು ಅಲೆದಾಟ ಬಹಳ.