ಕೈಚೆಲ್ಲಿದ ಕ್ಯಾಚ್ ಯಾರ ಲೆಕ್ಕಕ್ಕೆ?

ಬಾಸ್ಟನ್ನಿಗೆ ಬಂದ ಹೊಸತರಲ್ಲಿ, ಸಹೋದ್ಯೋಗಿಯೊಬ್ಬರ ಜೊತೆ ಫೆನ್‌ವೇ ಪಾರ್ಕ್‌ನಲ್ಲಿ ಬೇಸ್‌ಬಾಲ್ ನೋಡುತ್ತಿದ್ದೆ. ಸುಲಭವಾಗಿ ಹಿಡಿಯಬಹುದಾಗಿದ್ದ ಚೆಂಡನ್ನು ಫೀಲ್ಡರ್ ಕೈಚೆಲ್ಲಿದ. ಬ್ಯಾಟರ್ ಓಡಿ ಮೊದಲ ಬೇಸ್ ಮುಟ್ಟಿದ. ನಾನು ಚಪ್ಪಾಳೆ ತಟ್ಟಿದೆ. ‘ಅದು ಹಿಟ್ ಅಲ್ಲ, ಎರರ್. ಅವನ ಸರಾಸರಿ ಈಗ ಇಳಿಯಿತು’ ಎಂದರು ಅವರು. ಔಟಾಗದೆ ಉಳಿದವನ ಸರಾಸರಿ ಇಳಿಯುವುದೆಂದರೇನು ಎಂದು ಅರ್ಥವಾಗಲು ನನಗೆ ಇಡೀ ಒಂದು ಋತು ಬೇಕಾಯಿತು.

ಕ್ರಿಕೆಟ್ ನೋಡಿ ಬೆಳೆದ ನಮಗೆ ಸರಾಸರಿಯೆಂದರೆ ಗಳಿಸಿದ ರನ್ನುಗಳನ್ನು ಎಷ್ಟು ಸಲ ಔಟಾದನೋ ಅಷ್ಟರಿಂದ ಭಾಗಿಸುವುದು. ಸೊನ್ನೆಯಲ್ಲಿ ಜೀವದಾನ ಪಡೆದವನು ಶತಕ ಹೊಡೆದರೆ ಪುಸ್ತಕದಲ್ಲಿ ಉಳಿಯುವುದು ಶತಕವೇ. ಬೇಸ್‌ಬಾಲ್‌ನಲ್ಲಿ ಹಿಟ್‌ಗಳನ್ನು, ಅಂದರೆ ಚೆಂಡನ್ನು ಹೊಡೆದು ಸ್ವಂತ ಬಲದಿಂದ ಬೇಸ್ ತಲುಪಿದ ಸಲಗಳನ್ನು, ಬ್ಯಾಟಿಂಗ್ ಸರದಿಗಳಿಂದ ಭಾಗಿಸುತ್ತಾರೆ. ಎದುರಾಳಿಯ ತಪ್ಪಿನಿಂದ ಬೇಸ್ ತಲುಪಿದರೆ ಸರದಿ ಎಣಿಕೆಗೆ ಸೇರುತ್ತದೆ, ಹಿಟ್ ಸೇರುವುದಿಲ್ಲ. ನಾಲ್ಕು ಕೆಟ್ಟ ಎಸೆತಗಳನ್ನು ಬಿಟ್ಟು ‘ವಾಕ್’ ಪಡೆದರೆ, ಅಂದರೆ ಚೆಂಡು ಹೊಡೆಯದೆಯೇ ಮೊದಲ ಬೇಸ್ ಗಳಿಸಿದರೆ, ಆ ಸರದಿಯೇ ಎಣಿಕೆಯಲ್ಲಿಲ್ಲ.

ಈ ಕಟ್ಟುನಿಟ್ಟಿಗೆ ತಳಹದಿ ಹಾಕಿದವರಲ್ಲಿ ಮುಖ್ಯನಾದ ಹೆನ್ರಿ ಚಾಡ್ವಿಕ್ ಇಂಗ್ಲೆಂಡಿನಲ್ಲಿ ಹುಟ್ಟಿ, ನ್ಯೂಯಾರ್ಕಿನ ಪತ್ರಿಕೆಗಳಿಗೆ ಮೊದಲು ಕ್ರಿಕೆಟ್ ವರದಿ ಬರೆಯುತ್ತಿದ್ದವನು ಎಂಬುದು ನನಗೆ ತಮಾಷೆಯಾಗಿ ಕಾಣುತ್ತದೆ. ವಾಕ್ ಎಂಬುದು ಚೆಂಡೆಸೆಯುವ ಪಿಚರ್‌ನ ತಪ್ಪೇ ಹೊರತು ಬ್ಯಾಟರ್‌ನ ಸಾಧನೆಯಲ್ಲ ಎಂಬುದು ಅವನ ನಿಲುವಾಗಿತ್ತು. 1887ರಲ್ಲಿ ಒಂದೇ ಒಂದು ಋತುವಿಗೆ ವಾಕನ್ನೂ ಹಿಟ್ ಎಂದು ಎಣಿಸಿದಾಗ ಸರಾಸರಿಗಳು ವಿಪರೀತ ಉಬ್ಬಿದವು. ಮರುವರ್ಷವೇ ಆ ನಿಯಮವನ್ನು ಕೈಬಿಟ್ಟರು.

ಬಾಸ್ಟನ್ನಿನಲ್ಲಿ ಸರಾಸರಿಯ ಮಾತು ಬಂದರೆ ಇಲ್ಲಿನ ರೆಡ್ ಸಾಕ್ಸ್ ತಂಡದ ಬ್ಯಾಟರ್ ಟೆಡ್ ವಿಲಿಯಮ್ಸ್ ಹೆಸರು ಬಾರದೆ ಇರುವುದಿಲ್ಲ. 1941ರ ಋತುವಿನ ಕೊನೆಯ ದಿನ ಅವನ ಸರಾಸರಿ .39955 ಇತ್ತು; ಸುಮ್ಮನೆ ಹೊರಗೆ ಕೂತಿದ್ದರೂ ಅದು .400 ಎಂದೇ ದಾಖಲಾಗುತ್ತಿತ್ತು. ಅವನು ಫಿಲಡೆಲ್ಫಿಯಾದಲ್ಲಿ ಅಂದಿನ ಎರಡೂ ಪಂದ್ಯಗಳನ್ನು ಆಡಿ, ಎಂಟು ಸರದಿಗಳಲ್ಲಿ ಆರು ಹಿಟ್ ಹೊಡೆದು .406ಕ್ಕೆ ಮುಗಿಸಿದ. ಅಮೆರಿಕನ್ ಮತ್ತು ನ್ಯಾಷನಲ್ ಲೀಗ್‌ಗಳಲ್ಲಿ ಅಂದಿನಿಂದ ಯಾರೂ .400 ಮುಟ್ಟಿಲ್ಲ. ಆದರೆ ನನ್ನ ಕಣ್ಣು ನಿಲ್ಲುವುದು ಅದೇ ಋತುವಿನ ಇನ್ನೊಂದು ಅಂಕಿಯ ಮೇಲೆ: ಅವನು ಪಡೆದ 147 ವಾಕ್‌ಗಳು. ಅವನ್ನೂ ಸೇರಿಸಿ, ಬೇಸ್ ತಲುಪಿದ ಪ್ರಮಾಣವನ್ನು ಲೆಕ್ಕ ಹಾಕಿದರೆ .553, ಅಂದರೆ ಅರ್ಧಕ್ಕಿಂತ ಹೆಚ್ಚು ಸಲ ಅವನು ಔಟಾಗಲಿಲ್ಲ. ಈ ಲೆಕ್ಕ ಅಧಿಕೃತ ಅಂಕಿಅಂಶಗಳ ಸಾಲಿಗೆ ಸೇರಿದ್ದು 1984ರಲ್ಲಿ. ಚೆಂಡನ್ನು ಬಿಡುವುದೂ ಬ್ಯಾಟಿಂಗ್ ಎಂದು ಒಪ್ಪಿಕೊಳ್ಳಲು ಲೆಕ್ಕದಲ್ಲಿ ಇಷ್ಟು ನಿಪುಣರಾದ ಜನಕ್ಕೂ ಅಷ್ಟು ಕಾಲ ಹಿಡಿಯಿತು.

ಇಲ್ಲಿ ನನಗೆ ನಮ್ಮ ರಾಹುಲ್ ದ್ರಾವಿಡ್ ನೆನಪಾಗುತ್ತಾರೆ. ಟೆಸ್ಟ್‌ಗಳಲ್ಲಿ ಅವರ 13,288 ರನ್ ಮತ್ತು 52.31ರ ಸರಾಸರಿ ಅನೇಕರಿಗೆ ಬಾಯಿಪಾಠ. ಅವರು ಎದುರಿಸಿದ 31,258 ಎಸೆತಗಳು ಟೆಸ್ಟ್ ಚರಿತ್ರೆಯಲ್ಲೇ ಅತಿ ಹೆಚ್ಚು ಎಂಬುದನ್ನು ಹೇಳುವವರು ಕಡಿಮೆ. ಆಫ್ ಸ್ಟಂಪಿನಾಚೆಗೆ ಹೋದ ಚೆಂಡನ್ನು ಬ್ಯಾಟ್ ಎತ್ತಿ ಬಿಟ್ಟು, ಬೌಲರ್‌ನನ್ನು ದಣಿಸಿ, ಮುಂದೆ ಬರುವವರಿಗೆ ದಾರಿ ಹದಮಾಡಿದ ಆ ಕೆಲಸ ಸರಾಸರಿಯಲ್ಲಿ ಎಲ್ಲಿಯೂ ಕಾಣುವುದಿಲ್ಲ. ಈ ವಿಷಯದಲ್ಲಿ ಅಮೆರಿಕನ್ನರು ತಡವಾಗಿಯಾದರೂ ನಮಗಿಂತ ಮುಂದೆ ಹೋಗಿದ್ದಾರೆ ಎಂದೇ ನನ್ನ ಅನಿಸಿಕೆ.

ಎರರ್ ವಿಷಯದಲ್ಲಿ ಮಾತ್ರ ನಾನು ಅವರ ಪಕ್ಷಕ್ಕೆ ಪೂರ್ತಿ ಸೇರಲಾರೆ. ಫೀಲ್ಡರ್ ಆ ಚೆಂಡನ್ನು ಹಿಡಿಯಬಹುದಾಗಿತ್ತೇ ಇಲ್ಲವೇ ಎಂದು ತೀರ್ಮಾನಿಸುವವನು ಮೇಲೆ ಕುಳಿತ ಒಬ್ಬ ಅಧಿಕೃತ ಸ್ಕೋರರ್. ವಿಲಿಯಮ್ಸ್‌ನ ಅದೇ 1941ರಲ್ಲಿ ನ್ಯೂಯಾರ್ಕ್ ಯಾಂಕೀಸ್ ತಂಡದ ಜೋ ಡಿಮ್ಯಾಜಿಯೋ ಸತತ 56 ಪಂದ್ಯಗಳಲ್ಲಿ ಹಿಟ್ ಹೊಡೆದ ದಾಖಲೆಯಿದೆ. ಅದರಲ್ಲಿ ಒಂದೆರಡನ್ನು ಎರರ್ ಎಂದು ಬರೆಯಬೇಕಿತ್ತೇ ಎಂಬ ಚರ್ಚೆ ಇಂದಿಗೂ ನಿಂತಿಲ್ಲ. ಸ್ಕೋರರ್ ಕಲಮು ಅತ್ತಿತ್ತ ಆಗಿದ್ದರೆ ಸರಣಿ ಅಲ್ಲಿಗೇ ಮುರಿಯುತ್ತಿತ್ತು. ನಮ್ಮ ಸ್ಕೋರ್ ಪುಸ್ತಕ ಅಂಥ ಪಂಚಾಯಿತಿಗೆ ಹೋಗುವುದಿಲ್ಲ.

ಆದರೂ ನಮ್ಮ ರಣಜಿ ಪಂದ್ಯಗಳ ಸ್ಕೋರ್‌ಕಾರ್ಡಿನಲ್ಲಿ ಬ್ಯಾಟರ್ ಹೆಸರಿನ ಮುಂದೆ ಜೀವದಾನಗಳಿಗೊಂದು ಅಂಕಣವಿದ್ದರೆ ನಾನು ಬೇಡವೆನ್ನುವುದಿಲ್ಲ. ಅವನ ರನ್ನಿನಲ್ಲಿ ಒಂದನ್ನೂ ಕಳೆಯುವುದು ಬೇಡ. ಪಕ್ಕದಲ್ಲಿ ಬರೆದಿಟ್ಟರೆ ಸಾಕು.