ಕಡ ತಂದ ಕತ್ತೆ

ಅಮೆರಿಕದ ಲೂಸಿಯಾನಾದಲ್ಲಿ ಜೆಸ್ಸಿ ಡುಪ್ಲಾಂಟಿಸ್ ಎಂಬ ಟಿವಿ ಬೋಧಕರಿದ್ದಾರೆ. 2018ರಲ್ಲಿ ಅವರಿಗೊಂದು ವಿಮಾನ ಬೇಕಾಯಿತು. ಫಾಲ್ಕನ್ 7ಎಕ್ಸ್, ಬೆಲೆ 5.4 ಕೋಟಿ ಡಾಲರ್. ಅದಕ್ಕೆ ಮುಂಚೆಯೇ ಮೂರು ಜೆಟ್ ಆಗಿಹೋಗಿದ್ದವು. ಮೂರನ್ನೂ ದೇವರ ಕೆಲಸಕ್ಕೇ ಸವೆಸಿದ್ದಂತೆ. ಧರ್ಮ ಸಾರುತ್ತಾ ಅಲೆದು ಚಪ್ಪಲಿ ಸವೆಸಿದವರ ಕಥೆ ಕೇಳಿದ್ದೆವು. ಇಲ್ಲಿ ಸವೆದಿದ್ದು ವಿಮಾನ.

ಹೊಸದು ಬೇಕು ಎನ್ನುವುದಕ್ಕೆ ಅವರು ಕೊಟ್ಟ ಕಾರಣ ಇದು: ಯೇಸು ಈಗ ಭೂಮಿಯ ಮೇಲೆ ಇದ್ದಿದ್ದರೆ ಕತ್ತೆ ಹತ್ತುತ್ತಿರಲಿಲ್ಲ, ವಿಮಾನದಲ್ಲೇ ಜಗತ್ತು ಸುತ್ತುತ್ತಿದ್ದ. ಜನ ಬಾಯಿಗೆ ಬಂದಂತೆ ಬೈದರು. ಆಗ ಬೋಧಕರು ಸ್ವಲ್ಪ ಸ್ಪಷ್ಟನೆ ಕೊಟ್ಟರು. ವಿಮಾನದ ದುಡ್ಡು ನೀವು ಕೊಡಿ ಅಂತ ಕೇಳುತ್ತಿಲ್ಲ, ನನ್ನ ಜೊತೆ ನೀವೂ ನಂಬಿ ಅಂತ ಕೇಳುತ್ತಿದ್ದೇನೆ, ಅಷ್ಟೇ.

ಈ ಉತ್ತರ ನನಗೆ ಬಹಳ ಹಿಡಿಸಿತು. ಸ್ಕೂಟರ್ ಬದಲಾಯಿಸಬೇಕು ಅಂತ ಎರಡು ವರ್ಷದಿಂದ ಅಂದುಕೊಳ್ಳುತ್ತಿದ್ದೆ. ಮನೆಯಲ್ಲಿ ಅದೇ ಮಾತು ಪ್ರಯೋಗಿಸಿದೆ. ಹೆಂಡತಿ ಹುಳಿಗೆ ಒಗ್ಗರಣೆ ಹಾಕುತ್ತಾ, ತಿರುಗಿಯೂ ನೋಡದೆ, "ಆಯ್ತು, ನಂಬಿದೆ. ಕಂತು ನೀವೇ ಕಟ್ಟಿ" ಅಂದಳು. ಇಂಥ ಭಕ್ತರನ್ನು ಇಟ್ಟುಕೊಂಡು ಯಾವ ಬೋಧಕ ತಾನೇ ಮೇಲೆ ಹಾರಿಯಾನು?

ಟೆಕ್ಸಾಸ್‌ನ ಕೆನೆತ್ ಕೋಪ್‌ಲ್ಯಾಂಡ್ ಇವರ ಗೆಳೆಯರು. 2015ರಲ್ಲಿ ಇಬ್ಬರೂ ಕ್ಯಾಮೆರಾ ಮುಂದೆ ಕೂತು ಖಾಸಗಿ ಜೆಟ್ ಯಾಕೆ ಬೇಕು ಅಂತ ಮಾತಾಡಿಕೊಂಡರು. ಎಲ್ಲರೂ ಹೋಗುವ ವಿಮಾನ ಹತ್ತುವುದೆಂದರೆ ದೆವ್ವಗಳ ಗುಂಪಿನ ಜೊತೆ ಒಂದು ಉದ್ದದ ಕೊಳವೆಯೊಳಗೆ ಹೊಕ್ಕ ಹಾಗೆ ಅಂತ ಕೋಪ್‌ಲ್ಯಾಂಡ್ ಹೇಳಿದ್ದು ಆಗಲೇ. ಈ ದೆವ್ವದ ಮಾತು ಲೋಕಪ್ರಸಿದ್ಧವಾಯಿತು. ಆದರೆ ಅದಕ್ಕಿಂತ ರುಚಿಯಾದ ಮಾತು ಅದರ ಪಕ್ಕದಲ್ಲೇ ಇತ್ತು. ಕೋಪ್‌ಲ್ಯಾಂಡ್ ಒಂದು ಕಾಲಕ್ಕೆ ಓರಲ್ ರಾಬರ್ಟ್ಸ್ ಎಂಬ ಹಿರಿಯ ಬೋಧಕರ ವಿಮಾನ ಓಡಿಸುತ್ತಿದ್ದವರು. ಆ ಹಿರಿಯರು ಸಾರ್ವಜನಿಕ ವಿಮಾನ ಬಿಟ್ಟಿದ್ದು ಯಾಕೆ ಗೊತ್ತಾ? ಹೆಸರುವಾಸಿಯಾದ ಮೇಲೆ ಜನ ಸೀಟಿನ ಹತ್ತಿರ ಬಂದು ನನಗೊಂದು ಪ್ರಾರ್ಥನೆ ಮಾಡಿ ಅಂತ ಕೇಳುತ್ತಿದ್ದರಂತೆ. ಅದರಿಂದ ಅವರ ಆತ್ಮಕ್ಕೆ ಕಿರಿಕಿರಿಯಾಗುತ್ತಿತ್ತಂತೆ.

ಪಾದ್ರಿಗೆ ಪ್ರಾರ್ಥನೆ ಕೇಳಿದರೆ ಕಿರಿಕಿರಿ! ಇಡ್ಲಿ ಕೇಳೋರ ಕಾಟ ತಡೆಯಲಾರದೆ ಹೋಟೆಲ್ ಮಾಲೀಕ ಊರು ಬಿಟ್ಟ ಹಾಗಾಯಿತು.

ಕೊಳವೆಯ ವಿಷಯಕ್ಕೆ ಬಂದರೆ, ನಾನು ದಿನಾ ಬೆಳಿಗ್ಗೆ ಅಂಥದ್ದರಲ್ಲೇ ಓಡಾಡುವವನು. ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ನಿಂತ ಬಸ್ಸು. ಒಬ್ಬರ ಬ್ಯಾಗು ನನ್ನ ಪಕ್ಕೆಯಲ್ಲಿ, ಇನ್ನೊಬ್ಬರ ಮೊಣಕೈ ನನ್ನ ಕನ್ನಡಕದ ಮೇಲೆ. ನನಗೂ ಕೆಲವೊಮ್ಮೆ ಸುತ್ತ ದೆವ್ವಗಳೇ ಕಂಡಿದ್ದುಂಟು. ಆದರೆ ಅವಕ್ಕೂ ನಾನು ಹಾಗೇ ಕಾಣುತ್ತಿರಬೇಕು ಅಲ್ವಾ?

2019ರಲ್ಲಿ ಲಿಸಾ ಗೆರೆರೊ ಎಂಬ ಟಿವಿ ವರದಿಗಾರ್ತಿ ಮೈಕ್ ಹಿಡಿದು ಕೋಪ್‌ಲ್ಯಾಂಡ್ ಅವರನ್ನು ಕಾರಿನ ಬಳಿಯೇ ಹಿಡಿದರು. ಜನರನ್ನು ದೆವ್ವ ಅಂದಿರಾ ಅಂತ ಕೇಳಿದರು. ಬೋಧಕರ ಕಣ್ಣು ಅರಳಿತು, ಬೆರಳು ಮೇಲೆದ್ದಿತು. ಮನುಷ್ಯರನ್ನು ನಾನು ದೆವ್ವ ಅಂದೇ ಇಲ್ಲ, ಅದೆಲ್ಲ ಬೈಬಲ್‌ನ ಮಾತು ಅಂದರು. ಆ ಕಣ್ಣು ನೋಡಿದರೆ ದೆವ್ವ ಕೊಳವೆಯಲ್ಲೇ ಇತ್ತು ಅಂತ ಖಚಿತವಾಗಿ ಹೇಳುವುದು ಕಷ್ಟ. ಗಲ್ಫ್‌ಸ್ಟ್ರೀಮ್ ಜೆಟ್ಟನ್ನು ನಟ ಟೈಲರ್ ಪೆರಿಯಿಂದ ಕೊಂಡಿದ್ದು ಯಾಕೆ ಎಂಬ ಪ್ರಶ್ನೆಗೆ ಮಾತ್ರ ಪ್ರಾಮಾಣಿಕ ಉತ್ತರ ಬಂತು. ತುಂಬಾ ಅಗ್ಗಕ್ಕೆ ಕೊಟ್ಟ, ತಗೊಳ್ಳದೆ ಇರಲು ಆಗಲಿಲ್ಲ! ಚಿಕ್ಕಪೇಟೆಯಿಂದ ಮೂರು ಸೀರೆ ಹೊತ್ತು ತಂದವರು ಮನೆಯಲ್ಲಿ ಹೇಳುವುದೂ ಇದನ್ನೇ.

ಅಟ್ಲಾಂಟಾ ಹತ್ತಿರ ಇನ್ನೊಬ್ಬರಿದ್ದಾರೆ. ಹೆಸರು ಕ್ರೆಫ್ಲೊ ಡಾಲರ್. ನಾನು ಇಟ್ಟ ಹೆಸರಲ್ಲ, ಅಪ್ಪ ಅಮ್ಮ ಇಟ್ಟಿದ್ದು. 2015ರಲ್ಲಿ ಅವರಿಗೆ 6.5 ಕೋಟಿ ಡಾಲರಿನ ಗಲ್ಫ್‌ಸ್ಟ್ರೀಮ್ ಜಿ650 ಬೇಕಿತ್ತು. 2 ಲಕ್ಷ ಜನ ತಲೆಗೆ 300 ಡಾಲರ್ ಅಥವಾ ಜಾಸ್ತಿ ಕೊಡಿ ಅಂತ ಕರೆ ಹೋಯಿತು. ಜನ ನಕ್ಕರು, ಕರೆ ವಾಪಸಾಯಿತು. ಆಮೇಲೆ ಡಾಲರ್ ಸಾಹೇಬರು ವೇದಿಕೆ ಹತ್ತಿ ಟೀಕಾಕಾರರಿಗೆ ಜವಾಬು ಕೊಟ್ಟರು. ನಾನು ದೇವರನ್ನು ನಂಬಿ 6.5 ಕೋಟಿಯ ವಿಮಾನ ಬೇಕು ಅಂದರೆ ತಡೆಯಲು ನೀವ್ಯಾರು? ನಾಳೆ ಮಂಗಳ ಗ್ರಹದಲ್ಲಿ ಜೀವ ಸಿಕ್ಕರೆ ಅಲ್ಲಿಗೂ ಹೋಗಿ ಸಾರಬೇಕು, ಅದಕ್ಕೆ ನೂರು ಕೋಟಿಯ ನೌಕೆ ಕೇಳುತ್ತೇನೆ! ಪಾಪ, ಮಂಗಳದವರು. ಇನ್ನೂ ಹುಟ್ಟಿದ್ದಾರೋ ಇಲ್ಲವೋ, ಆಗಲೇ ಕಾಣಿಕೆ ಡಬ್ಬಿ ಹೊರಟಿದೆ.

2007ರಲ್ಲಿ ಸೆನೆಟರ್ ಚಕ್ ಗ್ರಾಸ್ಲಿ ಇಂಥ ಆರು ಸಂಸ್ಥೆಗಳಿಗೆ ಲೆಕ್ಕ ಕೇಳಿ ಪತ್ರ ಬರೆದಿದ್ದರು. ಕೋಪ್‌ಲ್ಯಾಂಡ್, ಡಾಲರ್ ಇಬ್ಬರೂ ಪಟ್ಟಿಯಲ್ಲಿದ್ದರು. 2005ರಲ್ಲಿ ನಮ್ಮ ಬೆಂಗಳೂರಿಗೆ ಬಂದು ಸಭೆ ನಡೆಸಿದ್ದ ಬೆನ್ನಿ ಹಿನ್ ಕೂಡ. ಆ ಸಭೆ ನಡೆದಿದ್ದು ಎಲ್ಲಿ ಹೇಳಿ? ಜಕ್ಕೂರಿನ ವಿಮಾನ ಮೈದಾನದಲ್ಲಿ. ಇರಲಿ. ಪೂರ್ತಿ ಲೆಕ್ಕ ಹೆಚ್ಚಿನವರು ಕೊಡಲಿಲ್ಲ. 2011ರಲ್ಲಿ ವಿಚಾರಣೆ ಮುಗಿಯಿತು. ದಂಡ ಯಾರಿಗೂ ಬೀಳಲಿಲ್ಲ.

ಮತ್ತೆ ಆ ಕತ್ತೆಯ ಸುದ್ದಿ. ಡುಪ್ಲಾಂಟಿಸ್ ಅದನ್ನು ಎಳೆದು ತಂದದ್ದರಿಂದ ಮಾರ್ಕನ ಸುವಾರ್ತೆಯ ಹನ್ನೊಂದನೇ ಅಧ್ಯಾಯ ತೆಗೆದು ನೋಡಿದೆ. ಯೇಸುವಿನ ಹತ್ತಿರ ಸ್ವಂತ ಕತ್ತೆಯೇ ಇರಲಿಲ್ಲ! ಶಿಷ್ಯರು ಎದುರಿನ ಹಳ್ಳಿಗೆ ಹೋಗಿ, ಬೀದಿಯಲ್ಲಿ ಬಾಗಿಲ ಬಳಿ ಕಟ್ಟಿದ್ದ ಮರಿಯನ್ನು ಬಿಚ್ಚುತ್ತಾರೆ. ಅಲ್ಲಿ ನಿಂತಿದ್ದವರು ಕೇಳುತ್ತಾರೆ, ಏನ್ರಪ್ಪಾ, ಕತ್ತೆ ಯಾಕೆ ಬಿಚ್ತಿದ್ದೀರಿ ಅಂತ. ಟೀಕೆ ಅಂದರೆ ಅದೇ. ಶಿಷ್ಯರಿಗೆ ಯೇಸು ಹೇಳಿಕೊಟ್ಟ ಉತ್ತರವೂ ಸಣ್ಣದು. ಒಡೆಯನಿಗೆ ಬೇಕಾಗಿದೆ, ಬೇಗ ವಾಪಸ್ ಕಳಿಸಿಕೊಡುತ್ತಾನೆ.

ಅಷ್ಟಕ್ಕೇ ಹಳ್ಳಿಯವರು ಬಿಟ್ಟುಕೊಟ್ಟರು. ಡುಪ್ಲಾಂಟಿಸ್, ಕೋಪ್‌ಲ್ಯಾಂಡ್, ಡಾಲರ್ ಮೂವರ ಉತ್ತರಗಳನ್ನೂ ಮತ್ತೊಮ್ಮೆ ಓದಿದೆ. ಒಡೆಯನಿಗೆ ಬೇಕಾಗಿದೆ ಎಂಬುದು ಮೂರರಲ್ಲೂ ಇದೆ. ವಾಪಸ್ ಕಳಿಸುವ ಮಾತನ್ನು ಇನ್ನೂ ಹುಡುಕುತ್ತಿದ್ದೇನೆ.