ದಿನಬಳಕೆಯ ಕರ್ನಲ್‌ನಲ್ಲಿ ಡೀಬಗ್ ಆಯ್ಕೆಗಳು ಇರಬೇಕೆ?

ಆಪರೇಟಿಂಗ್ ಸಿಸ್ಟಂನ ತಿರುಳಾದ ಲಿನಕ್ಸ್ ಕರ್ನಲ್ಲನ್ನು ತಾವೇ ಕಂಪೈಲ್ ಮಾಡಿಕೊಳ್ಳುವವರಿಗೆಲ್ಲ ‘ಮೇಕ್ ಮೆನುಕಾನ್ಫಿಗ್’ ಕೊಟ್ಟಾಗ ಕೊನೆಯಲ್ಲಿ ಕಾಣುವ ‘ಕರ್ನಲ್ ಹ್ಯಾಕಿಂಗ್’ ಮೆನು ಗೊತ್ತು. ತಪ್ಪು (ಬಗ್) ಹುಡುಕಲು ನೆರವಾಗುವ ಡೀಬಗ್ ಆಯ್ಕೆಗಳು ಹೆಚ್ಚುಕಡಿಮೆ ಎಲ್ಲವೂ ಅಲ್ಲೇ ಇವೆ. ಡ್ರೈವರ್ ಬರೆಯುವವರ ಪರೀಕ್ಷಾ ಯಂತ್ರದಲ್ಲಿ ಅವು ಬೇಕು ಎಂಬುದರಲ್ಲಿ ಯಾರದೂ ತಕರಾರಿಲ್ಲ. ಜನರ ಕೆಲಸ ನಡೆಯುತ್ತಿರುವ ಸರ್ವರ್, ಲ್ಯಾಪ್‌ಟಾಪ್, ರೂಟರ್‌ಗಳ ಕರ್ನಲ್‌ನಲ್ಲೂ ಅವನ್ನು ಉಳಿಸಿಕೊಳ್ಳಬೇಕೆ ಎಂಬುದು ಪ್ರಶ್ನೆ.

ಪರ: ಕುಸಿದ ಮೇಲೆ ಹುಡುಕಿದರೆ ಸಾಕ್ಷಿ ಸಿಗದು

ಸೇವೆಯಲ್ಲಿರುವ ಯಂತ್ರದ ಕರ್ನಲ್ ಕುಸಿಯುವುದು ಅಪರೂಪ. ಕುಸಿದ ಗಳಿಗೆಯಲ್ಲಿ ಅದು ಏನು ಬಿಟ್ಟುಹೋಗುತ್ತದೋ ಅಷ್ಟೇ ನಮ್ಮ ಕೈಗೆ ದಕ್ಕುವುದು. ಡೀಬಗ್ ಆಯ್ಕೆ ಹಾಕಿ ಮತ್ತೆ ಕಂಪೈಲ್ ಮಾಡಿ, ಇನ್ನೊಮ್ಮೆ ಬೀಳಲಿ ಎಂದು ಕಾಯುತ್ತ ಕೂತರೆ ಅದೇ ಲೋಡು, ಅದೇ ಹಾರ್ಡ್‌ವೇರ್, ಅದೇ ಹೊತ್ತು ಮತ್ತೆ ಕೂಡಿಬರುವ ಖಾತರಿ ಇಲ್ಲ. ಆದ್ದರಿಂದ ಸಾಕ್ಷಿ ಹಿಡಿದಿಡುವ ವ್ಯವಸ್ಥೆ ಮೊದಲ ದಿನದಿಂದಲೇ ಕರ್ನಲ್‌ನೊಳಗೆ ಇರಬೇಕು.

ಇದಕ್ಕೆ ಬರುವ ಮಾಮೂಲಿ ಉತ್ತರ ‘ಡೀಬಗ್ ಎಂದರೆ ನಿಧಾನ’ ಎಂಬುದು. ಮೆನುವಿನಲ್ಲಿ ಒಟ್ಟಿಗಿವೆ ಎಂದ ಮಾತ್ರಕ್ಕೆ ಆ ಆಯ್ಕೆಗಳ ಬೆಲೆ ಒಂದೇ ಅಲ್ಲ. ಮೆಮೊರಿ ತಪ್ಪುಗಳನ್ನು ಹಿಡಿಯುವ ಕೇಸಾನ್ ಹಾಕಿದರೆ ಕರ್ನಲ್ ಸುಮಾರು ಮೂರು ಪಟ್ಟು ನಿಧಾನವಾಗುತ್ತದೆ. ಕಂಪೈಲ್ ಆದ ಕೋಡನ್ನು ಮೂಲದ ಸಾಲುಗಳಿಗೆ ಜೋಡಿಸುವ ಡೀಬಗ್ ಇನ್ಫೋ ಹಾಕಿದರೆ ಓಡುವ ವೇಗದಲ್ಲಿ ಏನೂ ಬದಲಾಗದು. ಎರಡನ್ನೂ ಒಂದೇ ತಕ್ಕಡಿಯಲ್ಲಿ ಹಾಕಿ ತೂಗುವವರು ಆಯ್ಕೆಯ ಜೊತೆಗಿರುವ ಸಹಾಯ ಪಠ್ಯವನ್ನು ಓದಿರುವುದಿಲ್ಲ.

ಡೀಬಗ್ ಇನ್ಫೋವನ್ನೇ ನೋಡಿ. ಅದರಿಂದ ಹುಟ್ಟುವ ಡ್ವಾರ್ಫ್ ಎಂಬ ಮಾದರಿಯ ಮಾಹಿತಿ ಕಂಪೈಲ್ ಆದ ಡೈರೆಕ್ಟರಿಯ ‘ವಿಎಂಲಿನಕ್ಸ್’ ಫೈಲಿನಲ್ಲಿ ಕೂರುತ್ತದೆ. ಬೂಟ್ ಆಗುವ ಇಮೇಜಿನಲ್ಲಿ ಅದು ಇರುವುದಿಲ್ಲ, ಮೆಮೊರಿಗೂ ಏರುವುದಿಲ್ಲ. ಯಂತ್ರ ಕುಸಿದಾಗ ಲಾಗಿನಲ್ಲಿ ಬರುವ ಊಪ್ಸ್ ಸಂದೇಶದಲ್ಲಿ ಫಂಕ್ಷನ್ನಿನ ಹೆಸರು ಮತ್ತು ಅದರ ಆರಂಭದಿಂದ ಎಷ್ಟು ಬೈಟು ದೂರ ಎಂಬುದಷ್ಟೇ ಇರುತ್ತದೆ. ಕರ್ನಲ್ ಮೂಲದ ಸ್ಕ್ರಿಪ್ಟ್ಸ್ ಡೈರೆಕ್ಟರಿಯಲ್ಲಿರುವ ‘ಡಿಕೋಡ್ ಸ್ಟ್ಯಾಕ್‌ಟ್ರೇಸ್’ ಸ್ಕ್ರಿಪ್ಟಿಗೆ ಆ ಸಂದೇಶವನ್ನೂ ವಿಎಂಲಿನಕ್ಸನ್ನೂ ಕೊಟ್ಟರೆ ಯಾವ ಫೈಲಿನ ಎಷ್ಟನೇ ಸಾಲು ಎಂದು ಬರೆದುಕೊಡುತ್ತದೆ. ಇಲ್ಲಿ ಒಂದು ಕಟ್ಟುನಿಟ್ಟು: ವಿಎಂಲಿನಕ್ಸ್ ಅದೇ ಬಿಲ್ಡಿನದಾಗಿರಬೇಕು. ಕಂಪೈಲರ್ ಆವೃತ್ತಿ ಬದಲಾದರೆ ಅಥವಾ ಒಂದೇ ಒಂದು ಆಯ್ಕೆ ಹೆಚ್ಚುಕಮ್ಮಿಯಾದರೆ ವಿಳಾಸಗಳು ಜರುಗುತ್ತವೆ, ಸಾಲು ತಪ್ಪಾಗಿ ಬರುತ್ತದೆ. ಹಾಗಾಗಿ ಪ್ರತಿ ಬಿಡುಗಡೆಯ ವಿಎಂಲಿನಕ್ಸನ್ನು ಆವೃತ್ತಿಯ ಹೆಸರಿಟ್ಟು ಬೇರೆ ಡಿಸ್ಕಿನಲ್ಲಿ ಜೋಪಾನ ಮಾಡಬೇಕು. ಮಾಡ್ಯೂಲುಗಳನ್ನು ಯಂತ್ರಕ್ಕೆ ಹಾಕುವಾಗ ‘ಇನ್‌ಸ್ಟಾಲ್ ಮಾಡ್ ಸ್ಟ್ರಿಪ್’ ವೇರಿಯಬಲ್ಲಿಗೆ 1 ಕೊಟ್ಟರೆ ಡೀಬಗ್ ಭಾಗ ಕಳಚಿ ಅವು ಹಗುರಾಗುತ್ತವೆ.

ಸ್ಲಬ್ ಎಂಬುದು ಕರ್ನಲ್ಲಿನ ಮೆಮೊರಿ ಹಂಚುವ ಭಾಗ. ಅದರ ಸ್ಲಬ್ ಡೀಬಗ್ ಆಯ್ಕೆಯನ್ನು ನಾನು ಯಾವ ಸರ್ವರಿನಲ್ಲೂ ತೆಗೆಯಬೇಡಿ ಎನ್ನುತ್ತೇನೆ. ಹೆಸರಿನಲ್ಲಿ ‘ಆನ್’ ಎಂಬ ಬಾಲ ಇರುವ ಇನ್ನೊಂದು ಆಯ್ಕೆಯೂ ಇದೆ. ಅದು ಬೂಟ್ ಆದ ಕ್ಷಣದಿಂದ ಎಲ್ಲ ಕ್ಯಾಶೆಗಳ (ಒಂದೇ ಅಳತೆಯ ಮೆಮೊರಿ ತುಂಡುಗಳ ಗುಂಪುಗಳ) ಮೇಲೂ ತಪಾಸಣೆ ಶುರು ಮಾಡುತ್ತದೆ, ಅದು ಬೇಡ. ಬಾಲವಿಲ್ಲದ್ದು ತಪಾಸಣೆಯ ಕೋಡನ್ನು ಸಿದ್ಧವಾಗಿಟ್ಟುಕೊಂಡು ಸುಮ್ಮನಿರುತ್ತದೆ. ಅನುಮಾನ ಬಂದ ದಿನ ಬೂಟ್ ಸಾಲಿನಲ್ಲಿ ‘ಸ್ಲಬ್_ಡೀಬಗ್’ ಎಂದು ಬರೆದು, ಯಾವ ತಪಾಸಣೆಗಳು, ಯಾವ ಕ್ಯಾಶೆ ಎಂದು ಹೇಳಿದರೆ ಸಾಕು (6.9ನೇ ಆವೃತ್ತಿಯಿಂದ ಇದರ ಹೆಸರು ‘ಸ್ಲ್ಯಾಬ್_ಡೀಬಗ್’). 256 ಬೈಟಿನ ಕೆಮ್ಯಾಲಕ್ ಕ್ಯಾಶೆಯ ಮೇಲೆ ಅನುಮಾನವಿದ್ದರೆ ಅದೊಂದಕ್ಕೇ ಹಾಕಬಹುದು.

ಹಾಕಿದ ಮೇಲೆ ಸಿಗುವ ಫಲ ನೋಡಿ. ಬಿಟ್ಟುಕೊಟ್ಟ ಪ್ರತಿ ವಸ್ತುವಿನೊಳಗೆ (ಮೆಮೊರಿ ತುಂಡಿನೊಳಗೆ) ಕರ್ನಲ್ ‘6ಬಿ’ ಎಂಬ ಹೆಕ್ಸ್ ಬೈಟನ್ನು ತುಂಬುತ್ತದೆ, ಕೊನೆಯ ಬೈಟು ಮಾತ್ರ ‘ಎ5’. ಬಿಟ್ಟ ಮೇಲೂ ಯಾವುದೋ ಡ್ರೈವರ್ ಆ ವಸ್ತುವಿನಿಂದ ಪಾಯಿಂಟರ್ (ಮೆಮೊರಿ ವಿಳಾಸ) ಓದಿದರೆ ಅದಕ್ಕೆ ಸಿಗುವುದು ಎಂಟು 6ಬಿ. ಎಕ್ಸ್86ರ 64 ಬಿಟ್ ಪ್ರೊಸೆಸರಿನಲ್ಲಿ ಅದು ವಿಳಾಸವೇ ಅಲ್ಲ. ಆದ್ದರಿಂದ ಪೇಜ್ ಫಾಲ್ಟ್ ಬದಲು ಜನರಲ್ ಪ್ರೊಟೆಕ್ಷನ್ ಫಾಲ್ಟ್ ಬರುತ್ತದೆ. ಊಪ್ಸ್ ತೋರಿಸಿದ ವಿಳಾಸದಲ್ಲಿ ಏಳು 6ಬಿ ಆದ ಮೇಲೆ ಕೊನೆಗೆ 83 ಇದ್ದರೆ, 6ಬಿಗೆ ಹೆಕ್ಸ್ 18, ಅಂದರೆ 24 ಕೂಡಿದೆ ಎಂದರ್ಥ. ಆ ಪಾಯಿಂಟರ್ ತೋರಿಸಬೇಕಿದ್ದ ಸ್ಟ್ರಕ್ಚರಿನಲ್ಲಿ 24ನೇ ಬೈಟಿನಲ್ಲಿರುವ ಫೀಲ್ಡನ್ನು ಯಾರೋ ಮುಟ್ಟಿದ್ದಾರೆ. ಯಾವ ಸ್ಟ್ರಕ್ಚರ್ ಎಂದು ವಿಎಂಲಿನಕ್ಸಿನ ಸಾಲು ಹೇಳುತ್ತದೆ. ಕಂಪೈಲ್ ಮಾಡುವಾಗ ಆ ಆಯ್ಕೆ ತೆಗೆದಿದ್ದರೆ ಇದರಲ್ಲಿ ಒಂದೂ ಸಿಗುತ್ತಿರಲಿಲ್ಲ.

ಇನ್ನು ಮೆಮೊರಿ ತಪ್ಪು ಹಿಡಿಯುವ ಕೆಫೆನ್ಸ್. 2021ರ 5.12ನೇ ಆವೃತ್ತಿಯಲ್ಲಿ ಬಂದ ಇದನ್ನು ಬರೆದದ್ದೇ ಸೇವೆಯಲ್ಲಿರುವ ಯಂತ್ರಗಳಿಗಾಗಿ. ಮಾಮೂಲಿ ಹೊಂದಿಕೆಯಲ್ಲಿ 100 ಮಿಲಿಸೆಕೆಂಡಿಗೆ ಒಂದರಂತೆ ಮೆಮೊರಿ ಹಂಚಿಕೆಯನ್ನು ತನ್ನ ಕೊಳಕ್ಕೆ ತಿರುಗಿಸಿಕೊಳ್ಳುತ್ತದೆ. ಅಲ್ಲಿ ಪ್ರತಿ ವಸ್ತುವಿಗೂ ಒಂದು ಪೂರ್ತಿ ಪೇಜು, ಅದರ ಆಚೀಚೆ ಮುಟ್ಟಿದರೆ ಫಾಲ್ಟ್ ಆಗುವ ಕಾವಲು ಪೇಜುಗಳು. 255 ವಸ್ತುಗಳ ಈ ಕೊಳ 4 ಕೆಬಿ ಪೇಜಿನ ಯಂತ್ರದಲ್ಲಿ ಹಿಡಿಯುವುದು 2 ಎಂಬಿ ಮಾತ್ರ. ಗಡಿ ದಾಟಿ ಬರೆದ ಕ್ಷಣದಲ್ಲೇ ಯಾರು ಹಂಚಿಕೊಂಡರು, ಯಾರು ಬಿಟ್ಟರು, ಯಾರು ಮುಟ್ಟಿದರು ಎಂಬ ವರದಿ ಲಾಗಿಗೆ ಬೀಳುತ್ತದೆ. ಒಂದು ಯಂತ್ರದಲ್ಲಿ ಇದು ಹಿಡಿಯುವುದು ಕಡಿಮೆ ಎಂಬುದು ನಿಜ. ನೂರಾರು ಯಂತ್ರಗಳಲ್ಲಿ ತಿಂಗಳುಗಟ್ಟಲೆ ಓಡಿದರೆ, ಪರೀಕ್ಷಾ ಕೊಠಡಿಯಲ್ಲಿ ಯಾರೂ ಕಲ್ಪಿಸದ ಲೋಡಿನಡಿ ಬರುವ ಬಗ್‌ಗಳು ಇದರ ಬಲೆಗೆ ಬೀಳುತ್ತವೆ.

ಉಳಿದವನ್ನು ಬೇಗ ಹೇಳಿಬಿಡುತ್ತೇನೆ. ಸಾಫ್ಟ್ ಲಾಕಪ್ ಪತ್ತೆ ಇರಲಿ, ಪ್ರೊಸೆಸರ್ 20 ಸೆಕೆಂಡು ಒಂದೇ ಕಡೆ ಸಿಕ್ಕಿಕೊಂಡರೆ ಹೇಳುತ್ತದೆ. 120 ಸೆಕೆಂಡು ಅಲ್ಲಾಡದ ಟಾಸ್ಕನ್ನು ತೋರಿಸುವ ಹಂಗ್ ಟಾಸ್ಕ್ ಪತ್ತೆಯೂ ಇರಲಿ. ಫಂಕ್ಷನ್ ಕರೆಗಳ ಜಾಡು ಹಿಡಿಯುವ ಡೈನಮಿಕ್ ಎಫ್‌ಟ್ರೇಸ್ ಬಳಸದಿದ್ದಾಗ ಎಕ್ಸ್86ರಲ್ಲಿ ಫಂಕ್ಷನ್ನಿನ ಆರಂಭದಲ್ಲಿ 5 ಬೈಟಿನ ನೋಪ್ (ಏನೂ ಮಾಡದ ಸೂಚನೆ) ಆಗಿ ಮಲಗಿರುತ್ತದೆ. ಸ್ಟ್ಯಾಕ್ ಬಿಡಿಸಲು (ಯಾವ ಫಂಕ್ಷನ್ ಯಾವುದನ್ನು ಕರೆದಿತ್ತೆಂದು ತಿಳಿಯಲು) 2017ರಲ್ಲಿ ಬಂದ ಓಆರ್‌ಸಿ ಇರಲಿ: 2ರಿಂದ 4 ಎಂಬಿ ಮೆಮೊರಿ ಹೆಚ್ಚು ಹೋಗುತ್ತದೆ, ಫ್ರೇಮ್ ಪಾಯಿಂಟರಿನಿಂದ ಆಗಬಹುದಾದ ಶೇ 5–10ರ ವೇಗನಷ್ಟ ತಪ್ಪುತ್ತದೆ. ಕುಸಿದಾಗಿನ ಮೆಮೊರಿಯನ್ನು ಉಳಿಸಿಡುವ ಕೆಡಂಪಿಗೆ ಮಾತ್ರ ನಿಜವಾದ ಬೆಲೆ ಇದೆ, ಬೂಟ್ ಸಾಲಿನಲ್ಲಿ ಮೀಸಲಿಟ್ಟ 256 ಎಂಬಿ ಬೇರೆ ಯಾರಿಗೂ ಸಿಗದು. 64 ಜಿಬಿಯ ಸರ್ವರಿನಲ್ಲಿ ಅದನ್ನು ಕೊಡಲು ಹಿಂದೆಮುಂದೆ ನೋಡಬೇಕಿಲ್ಲ.

ವಿರೋಧ: ಎರಡು ಕರ್ನಲ್ ಕಟ್ಟಿ, ಒಂದರಲ್ಲಿ ಎರಡನ್ನೂ ಬೆರೆಸಬೇಡಿ

ವಿಎಂಲಿನಕ್ಸ್ ಜೋಪಾನ ಮಾಡಿ ಎಂಬ ಮಾತಿಗೆ ನನ್ನ ವಿರೋಧವಿಲ್ಲ. ‘ಇದೂ ಅಗ್ಗ, ಅದೂ ಅಗ್ಗ’ ಎಂದು ಒಂದೊಂದೇ ಸೇರಿಸುತ್ತ ಹೋಗುವ ಅಭ್ಯಾಸಕ್ಕೆ ವಿರೋಧವಿದೆ. ಹಾಗೆ ಸೇರಿಸಿದವರಲ್ಲಿ ಬಹಳ ಮಂದಿ ಆ ಸಾಧನಗಳು ಎಷ್ಟು ಹೊತ್ತು ಕೆಲಸ ಮಾಡುತ್ತವೆ ಎಂಬುದನ್ನೇ ಗಮನಿಸುವುದಿಲ್ಲ.

ಲಾಕ್‌ಡೆಪ್ ಇದಕ್ಕೆ ಸರಿಯಾದ ಉದಾಹರಣೆ. 2006ರ 2.6.18ರಲ್ಲಿ ಬಂದ ಇದು ಲಾಕುಗಳನ್ನು ಹಿಡಿಯುವ ಕ್ರಮವನ್ನು ದಾಖಲಿಸುತ್ತ, ಡೆಡ್‌ಲಾಕ್ (ಒಂದನ್ನೊಂದು ಕಾಯುತ್ತ ಎರಡೂ ನಿಂತುಹೋಗುವುದು) ಆಗುವ ಮೊದಲೇ ಅದರ ಸಾಧ್ಯತೆಯನ್ನು ತೋರಿಸುತ್ತದೆ. ಕರ್ನಲ್ ಬರೆಯುವವರಿಗೆ ಇದಕ್ಕಿಂತ ಒಳ್ಳೆಯ ಸಾಧನ ವಿರಳ. ಆದರೆ ಮೊದಲ ವರದಿ ಕೊಟ್ಟ ಕೂಡಲೇ ಅದು ತನ್ನನ್ನು ತಾನೇ ಆರಿಸಿಕೊಳ್ಳುತ್ತದೆ. ಸ್ವಾಮ್ಯದ ಮಾಡ್ಯೂಲೊಂದು ಏರಿದರೂ ‘ಕರ್ನಲ್ ಟೇಂಟ್ (ಕಲುಷಿತ) ಆಯಿತು, ಲಾಕ್ ಡೀಬಗ್ ನಿಲ್ಲಿಸುತ್ತಿದ್ದೇನೆ’ ಎಂಬರ್ಥದ ಸಾಲು ಹಾಕಿ ನಿಲ್ಲುತ್ತದೆ. ಮತ್ತೆ ಬೂಟ್ ಮಾಡುವವರೆಗೆ ಅದು ಏನನ್ನೂ ಹಿಡಿಯದು. ಬೂಟ್ ಆದ ಮೊದಲ ಗಂಟೆಯಲ್ಲಿ ಯಾವುದೋ ಕ್ಷುಲ್ಲಕ ವರದಿ ಬಂದು ನಿಂತುಹೋದರೂ ಅದಕ್ಕಾಗಿ ಉಬ್ಬಿದ ಲಾಕುಗಳು ಉಬ್ಬಿಯೇ ಇರುತ್ತವೆ. 64 ಬಿಟ್ ಎಕ್ಸ್86ರಲ್ಲಿ ಮಾಮೂಲಿಯಾಗಿ 4 ಬೈಟು ಹಿಡಿಯುವ ಸ್ಪಿನ್‌ಲಾಕ್ ಡೀಬಗ್ ಮಾಹಿತಿ ಹೊತ್ತು ಹಲವು ಪಟ್ಟು ದೊಡ್ಡದಾಗುತ್ತದೆ. ಅದನ್ನು ಒಳಗಿಟ್ಟುಕೊಂಡ ಸ್ಟ್ರಕ್ಚರುಗಳೂ ದೊಡ್ಡದಾಗಿ, ಒಂದೇ ಕ್ಯಾಶ್ ಲೈನಿನಲ್ಲಿ ಕೂರುತ್ತಿದ್ದವು ಎರಡು ಮೂರಕ್ಕೆ ಹರಡಿಕೊಳ್ಳುತ್ತವೆ. ಸೇವಾಯಂತ್ರ ಈ ನಷ್ಟವನ್ನು ದಿನವಿಡೀ ಹೊರುತ್ತದೆ, ಬದಲಿಗೆ ಸಿಗುವುದು ಶೂನ್ಯ.

ಸ್ಟ್ರಕ್ಚರಿನ ಅಳತೆ ಬದಲಾದರೆ ಇನ್ನೂ ಒಂದು ತೊಡಕು. ಕರ್ನಲ್‌ನ ಹೊರಗೆ ಕಂಪೈಲ್ ಆದ ಮಾಡ್ಯೂಲುಗಳನ್ನೆಲ್ಲ ಹೊಸದಾಗಿ ಕಟ್ಟಬೇಕು. ಕೆಲವನ್ನು ಕಟ್ಟಲೂ ಆಗದು. ಲಾಕ್ ಡೀಬಗ್ ಹಾಕಿದಾಗ ಮ್ಯೂಟೆಕ್ಸ್ ಎಂಬ ಲಾಕನ್ನು ಹಿಡಿಯುವ ಸಾದಾ ಕರೆಯೇ ಜಿಪಿಎಲ್ ಪರವಾನಗಿಯ ಮಾಡ್ಯೂಲುಗಳಿಗಷ್ಟೇ ತೆರೆದಿರುವ ಬೇರೊಂದು ಫಂಕ್ಷನ್ನಿಗೆ ತಿರುಗುತ್ತದೆ. ಝಡ್‌ಎಫ್‌ಎಸ್ ಎಂಬ ಫೈಲ್ ವ್ಯವಸ್ಥೆಯ ಪರವಾನಗಿ ಸಿಡಿಡಿಎಲ್, ಜಿಪಿಎಲ್ ಅಲ್ಲ. ಹಾಗಾಗಿ ಅದರ ಕಾನ್ಫಿಗರ್ ಸ್ಕ್ರಿಪ್ಟ್ ಈ ಆಯ್ಕೆಯನ್ನು ಕಂಡ ಕೂಡಲೇ ಕಾರಣ ಹೇಳಿ ನಿಂತುಬಿಡುತ್ತದೆ. ಡೇಟಾ ಎಲ್ಲ ಝಡ್‌ಎಫ್‌ಎಸ್‌ನಲ್ಲಿರುವ ಸರ್ವರಿಗೆ ಇಂಥ ಕರ್ನಲ್ ಹಾಕಿ ಬೂಟ್ ಮಾಡಿದರೆ ಆ ಡೇಟಾವೇ ಕಾಣುವುದಿಲ್ಲ.

ಮೆಮೊರಿ ಸೋರಿಕೆ ಹುಡುಕುವ ಕೆಮೆಮ್‌ಲೀಕ್ ಕೂಡ ಹೀಗೆಯೇ. ಪ್ರತಿ ಹಂಚಿಕೆಯ ಲೆಕ್ಕ ಇಡುತ್ತದೆ, 10 ನಿಮಿಷಕ್ಕೊಮ್ಮೆ ಮೆಮೊರಿ ಜಾಲಾಡುತ್ತದೆ, ಸುಳ್ಳು ಎಚ್ಚರಿಕೆಗಳನ್ನೂ ಕೊಡುತ್ತದೆ. ಮೆಮೊರಿ ಕಡಿಮೆಯಾಗಿ ತನ್ನ ಲೆಕ್ಕಕ್ಕೇ ಜಾಗ ಸಿಗದಿದ್ದರೆ ನಿಂತುಹೋಗುತ್ತದೆ. ಸೋರಿಕೆಯಿಂದ ಯಂತ್ರ ಉಸಿರುಗಟ್ಟುವ ಹೊತ್ತಿಗೆ, ಬೇಕಾದ ಸಾಧನವೇ ಇರುವುದಿಲ್ಲ.

ಡೀಬಗ್ ಇನ್ಫೋಗೆ ಓಡುವಾಗ ಬೆಲೆಯಿಲ್ಲ ಎಂಬುದು ಸರಿ, ಕಟ್ಟುವಾಗ ಇದೆ. ಮೆಮೊರಿ ಕಡಿಮೆ ಇರುವ ಯಂತ್ರದಲ್ಲಿ ಲಿಂಕಿಂಗ್ ಹಂತದಲ್ಲೋ, ಬಿಟಿಎಫ್ (ಟೈಪ್‌ಗಳ ಮಾಹಿತಿ) ತಯಾರಿಸುವ ‘ಪಾಹೋಲ್’ ಹಂತದಲ್ಲೋ ಪ್ರೋಗ್ರಾಮನ್ನು ಕರ್ನಲ್ಲೇ ಕೊಂದು, ಎರರ್ 137 ಎಂದು ಬಿಲ್ಡ್ ನಿಲ್ಲುತ್ತದೆ. ಡಿಸ್ಟ್ರೋದ ಕಾನ್ಫಿಗ್ ಫೈಲನ್ನು ನಕಲು ಮಾಡಿಕೊಂಡು, ಸ್ಟ್ರಿಪ್ ವೇರಿಯಬಲ್ ಮರೆತು ಮಾಡ್ಯೂಲುಗಳನ್ನು ಹಾಕಿದಿರೋ, ಬೂಟ್ ಆಗುವಾಗ ಮೊದಲು ಮೆಮೊರಿಗೆ ಏರುವ ಇನಿಟ್‌ರಾಮ್‌ಎಫ್‌ಎಸ್ ನೂರಾರು ಎಂಬಿಗೆ ಉಬ್ಬುತ್ತದೆ. ಬೂಟ್ ಪಾರ್ಟಿಷನ್ ತುಂಬಿ ಫೈಲು ಅರ್ಧಕ್ಕೇ ನಿಲ್ಲುತ್ತದೆ, ಇಲ್ಲವೇ ಬೂಟ್ ಲೋಡರ್ ಗ್ರಬ್ ‘ಮೆಮೊರಿ ಸಾಲದು’ ಎನ್ನುತ್ತದೆ. ಹೊಸದಾಗಿ ಕರ್ನಲ್ ಕಟ್ಟುವವರು ಎಡವುವ ಜಾಗಗಳಲ್ಲಿ ಇದೇ ಮುಖ್ಯ ಎಂಬುದು ನನ್ನ ಅಭಿಪ್ರಾಯ.

ಭದ್ರತೆಯ ಪ್ರಶ್ನೆ ಇನ್ನೂ ಗಂಭೀರ. ಕರ್ನಲ್ಲಿನ ಒಳಮಾಹಿತಿಯನ್ನು ಫೈಲುಗಳಾಗಿ ತೋರಿಸುವ ಡೀಬಗ್‌ಎಫ್‌ಎಸ್‌ನಲ್ಲಿ ಯಾವ ನಿಯಮವೂ ಇಲ್ಲ, ಬರೆಯುವವರು ಏನು ಬೇಕಾದರೂ ಇಡಬಹುದು ಎಂದು ಕರ್ನಲ್ ದಾಖಲೆಯೇ ಹೇಳುತ್ತದೆ. ರೂಟ್ ಬಳಕೆದಾರನಿಗಷ್ಟೇ ಕಾಣುತ್ತದೆ ಎಂಬ ಸಮಾಧಾನ ಸಾಲದು. ಸೆಕ್ಯೂರ್ ಬೂಟ್ ಇರುವ ಯಂತ್ರದಲ್ಲಿ ರೂಟ್‌ನಿಂದಲೂ ಕರ್ನಲ್ಲನ್ನು ಕಾಯಬೇಕೆಂದೇ ಲಾಕ್‌ಡೌನ್ ಇರುವುದು. ಡೀಬಗ್‌ಎಫ್‌ಎಸ್ ಬೇಕೇಬೇಕೆಂದಿದ್ದರೆ ಬೂಟ್ ಸಾಲಿನಲ್ಲಿ ಅದನ್ನು ಆಫ್ ಮಾಡುವ ಸೌಲಭ್ಯವನ್ನಾದರೂ ಬಳಸಿ. ಡೀಬಗ್ ಸಂದೇಶ ಬರೆಯುವ ಟ್ರೇಸ್_ಪ್ರಿಂಟ್‌ಕೆ ಕರೆ ಉಳಿದುಹೋದ ಕರ್ನಲ್ ಬೂಟ್ ಆಗುವಾಗ ‘ಇದು ಡೀಬಗ್ ಕರ್ನಲ್, ಸೇವಾಯಂತ್ರಕ್ಕೆ ಸುರಕ್ಷಿತವಲ್ಲ’ ಎಂಬರ್ಥದ ದೊಡ್ಡ ಚೌಕಟ್ಟಿನ ಎಚ್ಚರಿಕೆ ಹಾಕುತ್ತದೆ. ಕರ್ನಲ್ ಬರೆಯುವವರೇ ಹಾಗೆ ಕೂಗಿ ಹೇಳುತ್ತಿರುವಾಗ ಕೇಳುವುದು ಒಳ್ಳೆಯದು.

ಕೆಫೆನ್ಸ್ ಬಗ್ಗೆ ಒಂದು ಮಾತು. ಅದು ಹಿಡಿಯುವುದು ತನ್ನ ಕೊಳಕ್ಕೆ ಬಂದ ವಸ್ತುಗಳ ತಪ್ಪನ್ನು ಮಾತ್ರ. ನೂರಾರು ಯಂತ್ರಗಳಿರುವವರಿಗೆ ಆ ಲೆಕ್ಕಾಚಾರ ಕೂಡಿಬರಬಹುದು. ನಾಲ್ಕೈದು ಯಂತ್ರ ನೋಡಿಕೊಳ್ಳುವವರು ಅದರ ಮೌನವನ್ನು ಬಗ್ ಇಲ್ಲ ಎಂದು ಓದಿಕೊಂಡರೆ ಮೋಸಹೋಗುತ್ತಾರೆ. ಪರೀಕ್ಷಾ ಯಂತ್ರದಲ್ಲಿ ಕೇಸಾನ್ ಓಡಿಸಿದರೆ ಕರ್ನಲ್ ಮೆಮೊರಿಯ ಪ್ರತಿ 8 ಬೈಟಿಗೂ 1 ಬೈಟಿನ ನೆರಳು ಇಟ್ಟು, ಓದು–ಬರೆಹದ ಪ್ರತಿ ಸಲವೂ ನೋಡುತ್ತದೆ. ಆ ಹಾದಿಯಲ್ಲಿ ಕೋಡ್ ಒಮ್ಮೆ ನಡೆದರೆ ಸಾಕು, ತಪ್ಪು ಸಿಕ್ಕಿಬೀಳುತ್ತದೆ.

ಮಾಡಬೇಕಾದದ್ದು ಇಷ್ಟು. ಸೇವೆಯ ಕಾನ್ಫಿಗ್ ಒಂದು. ಅದನ್ನೇ ಬೇರೆ ಔಟ್‌ಪುಟ್ ಡೈರೆಕ್ಟರಿಗೆ ನಕಲು ಮಾಡಿ, ಅಲ್ಲಿ ‘ಮೇಕ್ ಡೀಬಗ್.ಕಾನ್ಫಿಗ್’ ಕೊಡಿ. ಕರ್ನಲ್ ಜೊತೆಗೇ ಬರುವ ಈ ತುಣುಕು ಕೇಸಾನ್, ಲಾಕ್‌ಡೆಪ್ ಮೊದಲಾದವನ್ನು ಒಟ್ಟಿಗೆ ಹಾಕುತ್ತದೆ. ಲೋಕಲ್ ವರ್ಷನ್ ಜಾಗದಲ್ಲಿ ‘-ಡೀಬಗ್’ ಎಂದು ಬರೆದರೆ ಮಾಡ್ಯೂಲುಗಳು ಬೇರೆ ಡೈರೆಕ್ಟರಿಗೆ ಹೋಗುತ್ತವೆ, ಗ್ರಬ್ ಮೆನುವಿನಲ್ಲಿ ಎರಡೂ ಕಾಣುತ್ತವೆ. ಫೆಡೋರಾ ‘ಕರ್ನಲ್’, ‘ಕರ್ನಲ್-ಡೀಬಗ್’ ಎಂದು ಎರಡು ಪ್ಯಾಕೇಜು ಕೊಡುತ್ತದೆ. ಫ್ರೀಬಿಎಸ್‌ಡಿ ಎಂಬ ಇನ್ನೊಂದು ಆಪರೇಟಿಂಗ್ ಸಿಸ್ಟಂನ ಕರೆಂಟ್ (ಅಭಿವೃದ್ಧಿಯ) ಶಾಖೆಯಲ್ಲಿ ವಿಟ್ನೆಸ್, ಇನ್‌ವೇರಿಯಂಟ್ಸ್ ಎಂಬ ತಪಾಸಣೆಗಳು ಹಾಕಿಯೇ ಇರುತ್ತವೆ, ಬಿಡುಗಡೆಯ ಕರ್ನಲ್‌ನಲ್ಲಿ ಅವನ್ನು ತೆಗೆದಿರುತ್ತಾರೆ.

ರೇಸ್ (ಎರಡು ಕಡೆಯಿಂದ ಒಮ್ಮೆಗೇ ಒಂದೇ ಮೆಮೊರಿ ಮುಟ್ಟುವ ತಪ್ಪು) ಹುಡುಕುವ ಕೆಸಿಸಾನ್‌ಗೆ ಇನ್ನೊಂದು ಬಿಲ್ಡ್ ಬೇಕು, ಅದು ಕೇಸಾನ್ ಜೊತೆ ಕೂಡುವುದಿಲ್ಲ. ತುಂಬದ ಮೆಮೊರಿ ಓದಿದ್ದನ್ನು ಹಿಡಿಯುವ ಕೆಎಂಸಾನ್‌ಗೆ ಕ್ಲ್ಯಾಂಗ್ ಕಂಪೈಲರಿನಿಂದ ಕಟ್ಟಿದ ಮತ್ತೊಂದು. ಒಂದೊಂದನ್ನೂ ಸೇವಾಯಂತ್ರದಂಥದೇ ಹಾರ್ಡ್‌ವೇರಿನ ಮೇಲೆ, ಅದೇ ಲೋಡು ಕೊಟ್ಟು ಓಡಿಸಿ. ಕೇಸಾನ್ ಮಾಮೂಲಿಯಾಗಿ ಮೊದಲ ತಪ್ಪನ್ನು ಮಾತ್ರ ವರದಿ ಮಾಡುತ್ತದೆ. ಎಲ್ಲ ಬೇಕೆಂದರೆ ಬೂಟ್ ಸಾಲಿನಲ್ಲಿ ‘ಕೇಸಾನ್_ಮಲ್ಟಿ_ಶಾಟ್’ ಸೇರಿಸಿ. ಹೊಸ ಆವೃತ್ತಿಗೆ ಹೋದಾಗ ‘ಓಲ್ಡ್‌ಡೆಫ್‌ಕಾನ್ಫಿಗ್’ ಹೊಸ ಆಯ್ಕೆಗಳಿಗೆ ಕೇಳದೆಯೇ ಮಾಮೂಲಿ ಉತ್ತರ ತುಂಬಿಬಿಡುತ್ತದೆ. ಆದ್ದರಿಂದ ಹಳೆಯ ಮತ್ತು ಹೊಸ ಸೇವಾ ಕಾನ್ಫಿಗ್‌ಗಳನ್ನು ಸ್ಕ್ರಿಪ್ಟ್ಸ್ ಡೈರೆಕ್ಟರಿಯ ‘ಡಿಫ್‌ಕಾನ್ಫಿಗ್’ಗೆ ಕೊಟ್ಟು, ಹೆಸರಿನಲ್ಲಿ ಡೀಬಗ್ ಇರುವ ಪ್ರತಿ ಸಾಲನ್ನೂ ಓದಿದ ಮೇಲೆಯೇ ಕಂಪೈಲ್ ಶುರು ಮಾಡಿ.